ಕರೆಂಟ್ ಬಿಲ್ ನೋಡಿ ಓಟು ಹಾಕಿದವರು

ಎಡಿಸನ್, ನ್ಯೂಜೆರ್ಸಿ
23 ನವೆಂಬರ್ 2025

ಪ್ರೀತಿಯ ಅಪ್ಪನಿಗೆ, ಅಮ್ಮನಿಗೆ,

ನಮಸ್ಕಾರಗಳು. ನಾವು ಮೂವರೂ ಚೆನ್ನಾಗಿದ್ದೇವೆ. ಇಲ್ಲಿ ಚಳಿ ಶುರುವಾಗಿದೆ. ಅಲ್ಲಿ ಅರೇಬಿಕಾ ಕೊಯ್ಲು ಶುರುವಾಗಿರಬೇಕು, ಅಲ್ವಾ? ಈ ಸಲ ಆಳುಗಳು ಸಿಕ್ಕಿದರಾ? ಅಮ್ಮ ಕಣದಲ್ಲಿ ಬಿಸಿಲಿಗೆ ಜಾಸ್ತಿ ಹೊತ್ತು ನಿಲ್ಲದ ಹಾಗೆ ನೋಡಿಕೊಳ್ಳಿ.

ಅಪ್ಪ, ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ. "ಹೋದ ವರ್ಷ ಟ್ರಂಪ್‌ನ ಗೆಲ್ಲಿಸಿದ ಜನ ಈ ವರ್ಷ ಎದುರು ಪಕ್ಷಕ್ಕೆ ಓಟು ಹಾಕಿದ್ದಾರಲ್ಲ, ಅವರಿಗೆ ಬೇಕಾಗಿರೋದಾದರೂ ಏನು?" ಅಷ್ಟರಲ್ಲಿ ಸಿಗ್ನಲ್ ಹೋಯಿತು. ಅದು ಫೋನಿನಲ್ಲಿ ಹೇಳಿ ಮುಗಿಯುವ ವಿಷಯವೂ ಅಲ್ಲ. ಇವತ್ತು ಭಾನುವಾರ, ಬಿಡುವಿದೆ. ನಾನು ಇಲ್ಲಿ ಕಂಡಿದ್ದನ್ನು ಬರೆಯುತ್ತೇನೆ.

ನವೆಂಬರ್ 4ರಂದು ನಮ್ಮ ರಾಜ್ಯದಲ್ಲಿ ಗವರ್ನರ್ ಚುನಾವಣೆ ಇತ್ತು. ನಮ್ಮ ಕಡೆ ರಾಜ್ಯಪಾಲರನ್ನು ದೆಹಲಿಯಿಂದ ಕಳಿಸುತ್ತಾರೆ. ಇಲ್ಲಿ ಗವರ್ನರ್‌ಗೆ ನಮ್ಮ ಮುಖ್ಯಮಂತ್ರಿಯ ಅಧಿಕಾರ ಇರುತ್ತದೆ, ಜನರೇ ನೇರವಾಗಿ ಆರಿಸುತ್ತಾರೆ. ಡೆಮಾಕ್ರಟಿಕ್ ಪಕ್ಷದ ಮಿಕಿ ಶೆರಿಲ್ ಗೆದ್ದರು. ಹಿಂದೆ ನೌಕಾಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದ ಹೆಂಗಸು. ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ಜ್ಯಾಕ್ ಚಿಟರೆಲ್ಲಿ ಸೋತರು. ಟಿವಿಯಲ್ಲಿ ನೀವು ನೋಡುವ ಅಮೆರಿಕದ ಜಗಳಗಳೇ ಬೇರೆ. ನಮ್ಮ ಬೀದಿಯಲ್ಲಿ ಜನ ಮಾತಾಡಿದ್ದು ಕರೆಂಟ್ ಬಿಲ್ ಬಗ್ಗೆ, ಮನೆ ತೆರಿಗೆ ಬಗ್ಗೆ.

ಜೂನ್ 1ರಿಂದ ಇಲ್ಲಿ ಮನೆಗಳ ಕರೆಂಟ್ ಬಿಲ್ ಶೇಕಡಾ 17ರಿಂದ 20ರಷ್ಟು ಏರಿತು. ಅದೂ ಸೆಕೆಗಾಲದಲ್ಲಿ, ಹಗಲು ರಾತ್ರಿ ಎಸಿ ಓಡುವ ಹೊತ್ತಿನಲ್ಲಿ. ಇದಕ್ಕೆ ಕಾರಣ ಹುಡುಕುತ್ತಾ ಹೋದರೆ ಪಿಜೆಎಂ ಅನ್ನುವ ಸಂಸ್ಥೆ ಸಿಗುತ್ತದೆ. 13 ರಾಜ್ಯಗಳ ಮತ್ತು ರಾಜಧಾನಿ ವಾಷಿಂಗ್ಟನ್‌ನ ವಿದ್ಯುತ್ ಜಾಲವನ್ನು ನೋಡಿಕೊಳ್ಳುವವರು ಅವರು. ಮುಂದೆ ಬೇಕಾದಾಗ ಕರೆಂಟ್ ಕೊಡಲು ಸಿದ್ಧರಾಗಿರಿ ಅಂತ ವಿದ್ಯುತ್ ಸ್ಥಾವರಗಳಿಗೆ ದುಡ್ಡು ಕೊಡುತ್ತಾರೆ. ಅದರ ದರ ಹರಾಜಿನಲ್ಲಿ ತೀರ್ಮಾನವಾಗುತ್ತದೆ. 2024ರ ಜುಲೈ ಹರಾಜಿನಲ್ಲಿ ಆ ದರ ಒಂದು ಮೆಗಾವ್ಯಾಟ್‌ಗೆ ದಿನಕ್ಕೆ ಸುಮಾರು 29 ಡಾಲರ್ ಇದ್ದದ್ದು 270 ಡಾಲರ್ ಆಯಿತು. ಹಳೆಯ ಸ್ಥಾವರಗಳು ಮುಚ್ಚುತ್ತಿವೆ, ಹೊಸವು ಬೇಗ ಬರುತ್ತಿಲ್ಲ. ಇದರ ನಡುವೆ ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ಡೇಟಾ ಸೆಂಟರ್‌ಗಳು ಊರಿಗೆ ಊರೇ ಬಳಸುವಷ್ಟು ಕರೆಂಟ್ ಕೇಳುತ್ತಿವೆ. ಆ ಕಂಪನಿಗಳ ಬೇಡಿಕೆಗೆ ನಿವೃತ್ತಿ ಆದವರು, ಬಾಡಿಗೆ ಮನೆಯವರು ಯಾಕೆ ದುಡ್ಡು ಕಟ್ಟಬೇಕು? ಈ ಪ್ರಶ್ನೆಗೆ ಎರಡೂ ಪಕ್ಷದವರು ನೇರ ಉತ್ತರ ಕೊಡಲಿಲ್ಲ. ಎಂಟು ವರ್ಷ ಆಳಿದ ಗವರ್ನರ್ ಫಿಲ್ ಮರ್ಫಿಯ ಗಾಳಿ ವಿದ್ಯುತ್ ನೀತಿಯೇ ಕಾರಣ ಅಂತ ರಿಪಬ್ಲಿಕನ್ನರು ಹೇಳಿದರು. ಡೆಮಾಕ್ರಟರು ಪಿಜೆಎಂ ಮತ್ತು ಟ್ರಂಪ್ ಕಡೆ ಕೈ ತೋರಿಸಿದರು. ಅಧಿಕಾರ ಹಿಡಿದ ದಿನವೇ ತುರ್ತು ಸ್ಥಿತಿ ಘೋಷಿಸಿ ಕರೆಂಟ್ ದರ ಏರದಂತೆ ತಡೆಯುತ್ತೇನೆ ಅಂತ ಶೆರಿಲ್ ಮಾತು ಕೊಟ್ಟರು. ಅದನ್ನು ಕೇಳಿದಾಗ ನನಗೆ 2023ರ ನಮ್ಮ ವಿಧಾನಸಭಾ ಚುನಾವಣೆ, ಗೃಹಜ್ಯೋತಿಯ 200 ಯುನಿಟ್ ನೆನಪಾಯಿತು. ಜನವರಿ 20ಕ್ಕೆ ಅವರು ಪ್ರಮಾಣವಚನ ತೆಗೆದುಕೊಳ್ಳುತ್ತಾರೆ. ಆಮೇಲೆ ಗೊತ್ತಾಗುತ್ತದೆ.

ನಮ್ಮ ಎದುರು ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ, ಕೊಳಾಯಿ ಕೆಲಸ ಮಾಡಿ ನಿವೃತ್ತಿ ಆದವರು. ಹಿಮ ಬಿದ್ದರೆ ನಮ್ಮ ಮನೆ ಮುಂದಿನದನ್ನೂ ಸೇರಿಸಿ ಗುಡಿಸುವಂಥ ಮನುಷ್ಯ. 2024ರಲ್ಲಿ ಟ್ರಂಪ್‌ಗೆ ಓಟು ಹಾಕಿದ್ದರು, ಈ ವರ್ಷ ಶೆರಿಲ್‌ಗೆ ಹಾಕಿದರು. ಯಾಕೆ ಅಂತ ಕೇಳಿದೆ. ಬೆಲೆ ಇಳಿಸುತ್ತೇನೆ ಅಂದವರಿಗೆ ಹೋದ ವರ್ಷ ಹಾಕಿದೆ, ಇಳಿಯಲಿಲ್ಲ, ಅದಕ್ಕೇ ಈ ಸಲ ಇವರಿಗೆ ಅಂದರು. ಪಕ್ಷದ ಮಾತೇ ಎತ್ತಲಿಲ್ಲ. ಅವರ ಮನೆ ಸಾಲ ತೀರಿ ಎಷ್ಟೋ ವರ್ಷವಾಗಿದೆ. ಆದರೂ ಮನೆ ತೆರಿಗೆ ಕಟ್ಟಲು ಒದ್ದಾಡುತ್ತಾರೆ. ಈ ರಾಜ್ಯದಲ್ಲಿ ಅದು ಸರಾಸರಿ ವರ್ಷಕ್ಕೆ 10 ಸಾವಿರ ಡಾಲರ್ ದಾಟಿದೆ, ಇಡೀ ದೇಶದಲ್ಲೇ ಹೆಚ್ಚು. ಡಾಲರ್ ಈಗ 89 ರೂಪಾಯಿ ಮುಟ್ಟಿದೆಯಲ್ಲ, ಆ ಲೆಕ್ಕದಲ್ಲಿ ವರ್ಷಕ್ಕೆ ಒಂಬತ್ತು ಲಕ್ಷ! ಆದರೆ ಅದರಲ್ಲಿ ಅರ್ಧದಷ್ಟು ಹೋಗುವುದು ಸರ್ಕಾರಿ ಶಾಲೆಗಳಿಗೆ. ನಿಮ್ಮ ಮೊಮ್ಮಗಳು ಓದುತ್ತಿರುವುದು ಆ ದುಡ್ಡಿನಲ್ಲೇ. ಫೀಸಿಲ್ಲ, ಪುಸ್ತಕ ಅವರೇ ಕೊಡುತ್ತಾರೆ, ಒಳ್ಳೆಯ ಮೇಷ್ಟ್ರುಗಳಿದ್ದಾರೆ. ಹಾಗಾಗಿ ಆ ತೆರಿಗೆ ಬೇಡ ಅಂತ ನಾನು ಹೇಳಲಾರೆ. ವಯಸ್ಸಾದವರ ಮೇಲೆ ಅದರ ಭಾರ ಕಮ್ಮಿ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಅಜ್ಜನ ಹಾಗೆ ಯೋಚಿಸಿದವರು ಬಹಳ ಜನ. 2020ರ ಅಧ್ಯಕ್ಷ ಚುನಾವಣೆಯಲ್ಲಿ ನ್ಯೂಜೆರ್ಸಿಯಲ್ಲಿ ಡೆಮಾಕ್ರಟರ ಬೈಡನ್ ಸುಮಾರು ಶೇಕಡಾ 16ರ ಅಂತರದಲ್ಲಿ ಗೆದ್ದಿದ್ದರು. 2024ರಲ್ಲಿ ಅದೇ ಪಕ್ಷದ ಕಮಲಾ ಹ್ಯಾರಿಸ್ ಇಲ್ಲಿ ಗೆದ್ದರೂ ಅಂತರ 6ಕ್ಕೆ ಇಳಿಯಿತು. ಪ್ಯಾಟರ್ಸನ್ ಊರಿರುವ ಪಸೇಕ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಟ್ರಂಪ್ ಗೆದ್ದೇಬಿಟ್ಟರು. ಅಲ್ಲಿ ಲ್ಯಾಟಿನ್ ಅಮೆರಿಕ ಮೂಲದವರು, ಅರಬ್ ಮೂಲದವರು, ದಿನಗೂಲಿ ದುಡಿಯುವವರು ಜಾಸ್ತಿ. ಡೆಮಾಕ್ರಟರು ನಮ್ಮ ಓಟು ಅಂದುಕೊಂಡಿದ್ದ ಜಾಗ ಅದು. ಈ ವರ್ಷ ಅದೇ ಕೌಂಟಿ ವಾಪಸ್ ಶೆರಿಲ್ ಕಡೆ ಬಂತು, ಇಡೀ ರಾಜ್ಯದಲ್ಲಿ ಅವರಿಗೆ ಸುಮಾರು 14ರ ಅಂತರ ಸಿಕ್ಕಿತು. ಒಂದೇ ವರ್ಷದಲ್ಲಿ ಜನರ ಮನಸ್ಸು ಪೂರ್ತಿ ಬದಲಾಯಿತು ಅಂತ ನನಗನಿಸುವುದಿಲ್ಲ. ಅವರ ತಿಂಗಳ ಖರ್ಚು ಹಾಗೇ ಉಳಿಯಿತು, ಅಷ್ಟೇ.

ಇಲ್ಲೊಂದು ವಿಷಯ ಹೇಳಬೇಕು. 2022ರ ಜೂನ್‌ನಲ್ಲಿ ಬೆಲೆ ಏರಿಕೆ ಶೇಕಡಾ 9.1ಕ್ಕೆ ಹೋಗಿತ್ತು, 40 ವರ್ಷದಲ್ಲಿ ಅಷ್ಟು ಏರಿರಲಿಲ್ಲ. ಈಗ ಅದು 3ರ ಹತ್ತಿರ ಇದೆ. ಬೈಡನ್ ಕಡೆಯವರು ಆಗ, ಟ್ರಂಪ್ ಕಡೆಯವರು ಈಗ, "ಬೆಲೆ ಏರಿಕೆ ತಗ್ಗಿದೆ" ಅಂತ ಎದೆ ತಟ್ಟಿಕೊಳ್ಳುತ್ತಾರೆ. ತಗ್ಗಿದ್ದು ಏರುವ ವೇಗ ಮಾತ್ರ. ಏರಿದ ಬೆಲೆ ಮೇಲೇ ಕೂತಿದೆ. ಅಂಗಡಿಯಲ್ಲಿ ನಿಂತ ಹೆಂಗಸಿಗೆ ಶೇಕಡಾವಾರು ಹೇಳಿ ಏನು ಪ್ರಯೋಜನ? ಮೊಟ್ಟೆ ಬೆಲೆ ಮಾತ್ರ ನಿಜವಾಗಿ ಇಳಿಯಿತು. ಹಕ್ಕಿಜ್ವರಕ್ಕೆ ಕೋಟಿಗಟ್ಟಲೆ ಕೋಳಿಗಳನ್ನು ಕೊಂದಿದ್ದರಿಂದ ಮಾರ್ಚ್‌ನಲ್ಲಿ ಡಜನ್ ಮೊಟ್ಟೆ 6 ಡಾಲರ್ ದಾಟಿತ್ತು. ಕೋಳಿ ಮತ್ತೆ ಬೆಳೆದ ಮೇಲೆ ಇಳಿಯಿತು. ಅದರಲ್ಲಿ ಯಾವ ಅಧ್ಯಕ್ಷರದ್ದೂ ಹೆಚ್ಚಿನ ಪಾತ್ರ ಇಲ್ಲ.

ಇನ್ನು ಕಾಫಿ. ಇದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಇಲ್ಲಿ ಒಂದು ಪೌಂಡ್ ಕಾಫಿ ಪುಡಿ ಸರಾಸರಿ 9 ಡಾಲರ್ ಆಗಿದೆ. ಕೆಜಿ ಲೆಕ್ಕದಲ್ಲಿ ಸಾವಿರದ ಏಳುನೂರು ರೂಪಾಯಿಗಿಂತ ಜಾಸ್ತಿ. ಬ್ರೆಜಿಲ್‌ನಲ್ಲಿ 2024ರಲ್ಲಿ ಬರ ಬಂತಲ್ಲ, ಅದರಿಂದ ನಿಮಗೂ ಒಳ್ಳೆ ರೇಟು ಸಿಕ್ಕಿತು. ಕೊರೋನಾಕ್ಕೆ ಮುಂಚೆ ಸಾಲ ತೀರಿಸಲು ನೀವು ಪಟ್ಟ ಪಾಡು ನೆನೆದರೆ ಆ ರೇಟು ಇನ್ನೂ ನಾಲ್ಕು ವರ್ಷ ಇರಲಿ ಅಂತ ಬೇಡಿಕೊಳ್ಳುತ್ತೇನೆ. ಬೆಳೆದವರ ಕೈಗೆ ದುಡ್ಡು ಹೋಗುವುದಾದರೆ ನಾನು 9 ಡಾಲರ್ ಖುಷಿಯಿಂದ ಕೊಡುತ್ತೇನೆ. ಆದರೆ ಈ ಏರಿಕೆಯ ಒಂದು ಪಾಲು ಬೆಳೆಗಾರನಿಗೆ ಹೋಗಲಿಲ್ಲ. ಆಗಸ್ಟ್‌ನಲ್ಲಿ ಟ್ರಂಪ್ ಬ್ರೆಜಿಲ್ ಕಾಫಿ ಮೇಲೆ ಶೇಕಡಾ 50 ಸುಂಕ ಹಾಕಿದರು. ಅದೇ ತಿಂಗಳ ಕೊನೆಗೆ ಭಾರತದ ಸರಕಿಗೂ ಸುಂಕ 50 ಆಯಿತು. ಹವಾಯಿ, ಪೋರ್ಟೊ ರಿಕೊ ಬಿಟ್ಟರೆ ಈ ದೇಶದಲ್ಲಿ ಕಾಫಿ ಬೆಳೆಯುವ ಜಾಗವೇ ಇಲ್ಲ ಅನ್ನಬಹುದು. ಇಲ್ಲಿ ಬೆಳೆಯದ ಬೆಳೆಗೆ ಸುಂಕ ಹಾಕಿ ಯಾವ ರೈತನನ್ನು ಕಾಪಾಡಿದ ಹಾಗಾಯಿತು? ಕಾಫಿ ಕುಡಿಯುವವರೇ ಆ ದುಡ್ಡು ಕಟ್ಟಿದರು. ಚುನಾವಣೆಯ ಫಲಿತಾಂಶ ಬಂದು ಹತ್ತು ದಿನಕ್ಕೆ, 14ನೇ ತಾರೀಕು, ಕಾಫಿ, ಟೀ, ಬಾಳೆಹಣ್ಣು, ಮಸಾಲೆ ಪದಾರ್ಥಗಳ ಮೇಲಿನ ಸುಂಕ ಸಡಿಲಿಸಿದರು. ಮೊನ್ನೆ 20ಕ್ಕೆ ಬ್ರೆಜಿಲ್ ಕಾಫಿಯ ಸುಂಕವನ್ನೂ ತೆಗೆದರು. ಓಟಿಗೆ ಎಷ್ಟು ಶಕ್ತಿ ಇದೆ ನೋಡಿ ಅಪ್ಪ.

ಅಮ್ಮ, ನೀವು ಕೇಳಿದ್ದ ಇನ್ನೊಂದು ಸುದ್ದಿ: ಸರ್ಕಾರವೇ ಬಾಗಿಲು ಹಾಕಿತ್ತಂತೆ, ಹೌದಾ ಅಂತ. ಹೌದು. ಖರ್ಚಿನ ಮಸೂದೆ ಪಾಸಾಗದೆ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಕೇಂದ್ರ ಸರ್ಕಾರದ ಎಷ್ಟೋ ಕಚೇರಿಗಳು ಮುಚ್ಚಿದ್ದವು. ಇಷ್ಟು ದೀರ್ಘ ಕಾಲ ಹಿಂದೆಂದೂ ಮುಚ್ಚಿರಲಿಲ್ಲ. ವಿಮಾನ ನಿಲ್ದಾಣದ ಸಿಬ್ಬಂದಿ ಸಂಬಳವಿಲ್ಲದೆ ದುಡಿದರು. ಇಲ್ಲಿ ಬಡವರಿಗೆ ರೇಷನ್ ಅಂಗಡಿ ಇಲ್ಲ, ತಿಂಗಳಿಗೆ ಇಷ್ಟು ಅಂತ ಒಂದು ಕಾರ್ಡಿಗೆ ದುಡ್ಡು ಹಾಕುತ್ತಾರೆ, ಆ ಕಾರ್ಡ್ ತೆಗೆದುಕೊಳ್ಳುವ ಅಂಗಡಿಗಳಲ್ಲಿ ದಿನಸಿ ತರಬಹುದು. ನಾಲ್ಕು ಕೋಟಿಗೂ ಹೆಚ್ಚು ಜನ, ಅಂದರೆ ಎಂಟರಲ್ಲಿ ಒಬ್ಬರು, ಅದನ್ನೇ ನಂಬಿದ್ದಾರೆ. ನವೆಂಬರ್ ಶುರುವಿನಲ್ಲಿ ಆ ದುಡ್ಡು ನಿಂತುಹೋಯಿತು. ನಮ್ಮ ಕನ್ನಡದ ಗೆಳತಿಯರು ಕೆಲವರು ಸೇರಿ ಅಕ್ಕಿ, ಬೇಳೆ, ಹಾಲಿನ ಪುಡಿ ಕೊಂಡು ಹತ್ತಿರದ ಚರ್ಚಿನ ದಾಸೋಹಕ್ಕೆ ಕೊಟ್ಟು ಬಂದೆವು. ಸಾಲಿನಲ್ಲಿ ನಿಂತಿದ್ದವರಲ್ಲಿ ಕೆಲಸದ ಸಮವಸ್ತ್ರ ಹಾಕಿದವರೂ ಇದ್ದರು. ದುಡಿಯುವವರೇ ಹೀಗೆ ನಿಲ್ಲಬೇಕಾದ್ದು ನೋಡಿ ನನಗೆ ಬಹಳ ಸಂಕಟವಾಯಿತು.

ಖರ್ಚಿನ ಮಸೂದೆ ತಡೆದ ಆ ಜಗಳದ ಮೂಲ ಆರೋಗ್ಯ ವಿಮೆ. ಕಂಪನಿಯ ಕೆಲಸ ಇಲ್ಲದವರು ಸ್ವಂತವಾಗಿ ವಿಮೆ ಕೊಳ್ಳಲು ಸರ್ಕಾರ ಕೊಡುತ್ತಿದ್ದ ಹೆಚ್ಚುವರಿ ಸಹಾಯಧನ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಕೆಲಸ ಇದ್ದವರಿಗೂ ಇದೇನು ಸುಲಭವಲ್ಲ. ಒಂದು ಸಂಸಾರದ ವಿಮೆ ವರ್ಷಕ್ಕೆ ಸರಾಸರಿ 27 ಸಾವಿರ ಡಾಲರ್, ಅದರಲ್ಲಿ ಸುಮಾರು 7 ಸಾವಿರ ನೌಕರನ ಸಂಬಳದಿಂದಲೇ ಹೋಗುತ್ತದೆ. ಅಷ್ಟು ಕಟ್ಟಿದ ಮೇಲೂ ಆಸ್ಪತ್ರೆಗೆ ಹೋದರೆ ಮೊದಲ ಒಂದಷ್ಟು ಸಾವಿರ ನಾವೇ ಕೊಡಬೇಕು. ಕೆಲಸ ಹೋದರೆ ವಿಮೆಯೂ ಹೋಗುತ್ತದೆ ಅನ್ನುವ ಭಯ ಇಲ್ಲಿ ಎಲ್ಲರಿಗೂ ಇದೆ. ಈ ದೇಶದಲ್ಲಿ ನನಗೆ ಒಪ್ಪಿಗೆಯಾಗದ ಒಂದೇ ಒಂದು ವಿಷಯ ಹೇಳು ಅಂದರೆ ಇದನ್ನೇ ಹೇಳುತ್ತೇನೆ.

ನದಿಯ ಆಚೆ ನ್ಯೂಯಾರ್ಕ್‌ನಲ್ಲಿ ಜೊಹ್ರಾನ್ ಮಮ್ದಾನಿ ಮೇಯರ್ ಆಗಿ ಗೆದ್ದದ್ದು ನಿಮಗೆ ಗೊತ್ತೇ ಇದೆ. ಸಿನಿಮಾ ನಿರ್ದೇಶಕಿ ಮೀರಾ ನಾಯರ್ ಅವರ ಮಗ, 34 ವರ್ಷ. ಬಾಡಿಗೆ ಏರಿಸಬಾರದು, ಬಸ್ಸು ಉಚಿತವಾಗಬೇಕು, ಮಕ್ಕಳನ್ನು ನೋಡಿಕೊಳ್ಳುವ ಖರ್ಚು ಸರ್ಕಾರ ಹೊರಬೇಕು, ಇಷ್ಟೇ ಅವರ ಪ್ರಚಾರ. ಕಮ್ಯುನಿಸ್ಟ್ ಅಂತ ಬೈಯುತ್ತಿದ್ದ ಟ್ರಂಪ್ ಮೊನ್ನೆ ಶುಕ್ರವಾರ ಅವರನ್ನು ಶ್ವೇತಭವನದಲ್ಲಿ ಪಕ್ಕದಲ್ಲಿ ನಿಲ್ಲಿಸಿಕೊಂಡು ನಗುತ್ತಾ ಮಾತಾಡಿದರು. ಇಬ್ಬರ ಬಾಯಲ್ಲೂ ಮನೆ ಬಾಡಿಗೆ, ದಿನಸಿ ಬೆಲೆ. ಬರುವ ವರ್ಷ ನವೆಂಬರ್ 3ಕ್ಕೆ ಸಂಸತ್ತಿನ ಚುನಾವಣೆ. ಅಲ್ಲೂ ಇದೇ ಮಾತು ನಡೆಯುತ್ತದೆ ಅಂತ ನನ್ನ ಲೆಕ್ಕ.

ನಮಗೆ ಓಟಿಲ್ಲ. ತೆರಿಗೆ ಎಲ್ಲರಂತೆ ಕಟ್ಟುತ್ತೇವೆ. ಇಲ್ಲಿ ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡ್ ಸಾಲಿನಲ್ಲಿ ನಮ್ಮ ವರ್ಗದ ಭಾರತೀಯರ ಪೈಕಿ ಈಗ 2013ರಲ್ಲಿ ಅರ್ಜಿ ಹಾಕಿದವರ ಸರದಿ ನಡೆಯುತ್ತಿದೆ. ಅದಕ್ಕೇ ಚಿಕ್ಕಪ್ಪನ ಮಗ ಎಂಎಸ್ ಮಾಡಲು ಬರುತ್ತೇನೆ ಅಂದಾಗ ನಾನು ಕೂಡಲೇ ಹೂಂ ಅನ್ನಲಿಲ್ಲ. ಸೆಪ್ಟೆಂಬರ್‌ನಲ್ಲಿ ಇಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿದರು. ಇಲ್ಲೇ ಓದಿ ಇಲ್ಲಿಂದಲೇ ವೀಸಾ ಬದಲಿಸುವವರಿಗೆ ಅದು ಬೇಡ ಅಂತ ಅಕ್ಟೋಬರ್‌ನಲ್ಲಿ ಹೇಳಿದ್ದಾರೆ. ಮುಂದೆ ಏನಾಗುತ್ತದೋ ಯಾರೂ ಭರವಸೆ ಕೊಡುವ ಹಾಗಿಲ್ಲ. ಚಿಕ್ಕಪ್ಪನಿಗೆ ನನ್ನ ಪರವಾಗಿ ಹೇಳಿ: ಓದುವ ಆಸೆ ಇದ್ದರೆ ಬರಲಿ, ಸ್ಕಾಲರ್‌ಶಿಪ್ ಸಿಗುವ ಕಾಲೇಜು ನಾವೂ ಸೇರಿ ಹುಡುಕುತ್ತೇವೆ, ಸೆಮಿಸ್ಟರ್ ಶುರುವಾಗುವ ತನಕ ನಮ್ಮ ಮನೆಯಲ್ಲೇ ಇರಲಿ. ಆದರೆ ತೋಟ ಅಡ ಇಟ್ಟು ಸಾಲ ಮಾಡುವುದು ಖಂಡಿತ ಬೇಡ. ಈಗ ಕಾಫಿಗೆ ರೇಟಿದೆ, ಬ್ಯಾಂಕಿನವರು ಕೇಳಿದಷ್ಟು ಕೊಡುತ್ತಾರೆ. ರೇಟು ಬಿದ್ದ ವರ್ಷ ಕಂತು ಕಟ್ಟುವವರು ಯಾರು? ಶನಿವಾರ ಸಂಜೆ ಅವನೇ ನನಗೆ ಫೋನ್ ಮಾಡಲಿ, ಇಲ್ಲಿ ಆಗ ಬೆಳಿಗ್ಗೆ, ನಾನು ಮನೆಯಲ್ಲೇ ಇರುತ್ತೇನೆ.

ಅಜ್ಜಿಗೆ ನಮಸ್ಕಾರ ತಿಳಿಸಿ.

ನಿಮ್ಮ ಪ್ರೀತಿಯ ಮಗಳು