ಸೋದರತ್ತೆಯ ಪತ್ರ: ಅವರು ಬಿಟ್ಟುಹೋದ ಮೇಲೆ

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ನಿನ್ನ ಅಮ್ಮ ಫೋನಿನಲ್ಲಿ ಎಲ್ಲವನ್ನೂ ಹೇಳಿದಳು. ಹಾಸ್ಟೆಲಿನಲ್ಲಿ ನಿನ್ನ ಕೋಣೆಯಲ್ಲೇ ಇರುವ ಮೂವರೂ ನಿನಗೆ ಒಂದು ಮಾತೂ ತಿಳಿಸದೆ ಮುಳ್ಳಯ್ಯನಗಿರಿಗೆ ಹೋಗಿ ಬಂದರಂತೆ. ಅವರ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಿದ ಮೇಲೆಯೇ ನಿನಗೆ ಗೊತ್ತಾಯಿತಂತೆ. ಅಂದಿನಿಂದ ಎಲ್ಲರೂ ಉಂಡು ಎದ್ದ ಮೇಲೆ ನೀನು ಮೆಸ್ಸಿಗೆ ಹೋಗುತ್ತೀಯಂತೆ. "ಇಷ್ಟು ಚಿಕ್ಕ ವಿಷಯಕ್ಕೆ ಅಳುವುದೇ?" ಎಂದು ನಿನ್ನ ಅಪ್ಪ ಗದರಿದನಂತೆ. ಅವನು ನನ್ನ ತಮ್ಮ, ಆದರೂ ಹೇಳುತ್ತೇನೆ: ಅವನ ಮಾತು ಸರಿಯಲ್ಲ. ಇದು ಚಿಕ್ಕ ವಿಷಯವೇನೂ ಅಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್ ಒಮ್ಮೆ ಪಾರ್ಕಿನಲ್ಲಿ ಕುಳಿತಿದ್ದಾಗ, ಅಪರಿಚಿತರಿಬ್ಬರು ಆಡುತ್ತಿದ್ದ ಫ್ರಿಸ್ಬೀ ತಟ್ಟೆ ಅವರ ಬಳಿ ಬಂದು ಬಿತ್ತು. ಅದನ್ನು ತಿರುಗಿ ಎಸೆದರು. ಆ ಇಬ್ಬರೂ ಇವರನ್ನು ಆಟಕ್ಕೆ ಸೇರಿಸಿಕೊಂಡರು, ಸ್ವಲ್ಪ ಹೊತ್ತಿಗೆ ಏನೂ ಹೇಳದೆ ಇವರತ್ತ ಎಸೆಯುವುದನ್ನು ನಿಲ್ಲಿಸಿಬಿಟ್ಟರು. ಹೆಸರೂ ಗೊತ್ತಿಲ್ಲದವರು ಹಾಗೆ ಮಾಡಿದ್ದಕ್ಕೆ ತನಗೆ ಇಷ್ಟೊಂದು ಯಾಕೆ ಚುಚ್ಚಿತು ಎಂಬ ಯೋಚನೆಯಿಂದ ಅವರು ಕಂಪ್ಯೂಟರಿನಲ್ಲಿ ಒಂದು ಚೆಂಡಾಟವನ್ನೇ ರೂಪಿಸಿದರು. ಮೂವರ ಆಟದಲ್ಲಿ ಇಬ್ಬರು ತಮ್ಮತಮ್ಮಲ್ಲೇ ಚೆಂಡು ಎಸೆದುಕೊಳ್ಳುತ್ತಾರೆ, ಮೂರನೆಯವರಿಗೆ ಬರುವುದೇ ಇಲ್ಲ. ಆಡುತ್ತಿರುವುದು ಬರೀ ಕಂಪ್ಯೂಟರ್ ಎಂದು ಮೊದಲೇ ತಿಳಿಸಿದ್ದರೂ ಜನರಿಗೆ ಬೇಸರವಾಯಿತು. ತಾವು ಕಂಡರಾಗದ ಜನಾಂಗದ್ವೇಷಿ ಕೂಟದವರು ತಮ್ಮನ್ನು ಬಿಟ್ಟು ಆಡುತ್ತಿದ್ದಾರೆಂದು ನಂಬಿದಾಗಲೂ ನೊಂದುಕೊಂಡರು. 2003ರಲ್ಲಿ ಇದೇ ಆಟ ಆಡುವವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಮೈಗೆ ನೋವಾದಾಗ ಚುರುಕಾಗುವ ಭಾಗಗಳಲ್ಲೊಂದು ಆಗಲೂ ಚುರುಕಾದದ್ದು ಕಂಡಿತು. ಹಾಗಿರುವಾಗ ವರ್ಷವಿಡೀ ಜೊತೆಗೆ ಉಂಡು ಮಲಗಿದವರು ಬಿಟ್ಟುಹೋದರೆ ನಿನಗೆ ನೋವಾಗದಿರುತ್ತದೆಯೇ? "ನನ್ನಲ್ಲೇ ಏನೋ ಕೊರತೆ ಇರಬೇಕು" ಎಂದು ಅಮ್ಮನ ಹತ್ತಿರ ಅತ್ತುಬಿಟ್ಟೆಯಂತೆ. ಆ ತೀರ್ಮಾನಕ್ಕೆ ಬರಬೇಡ. ನೋವು ಎಲ್ಲರಿಗೂ ಆಗುತ್ತದೆ, ಅದರಿಂದ ನಿನ್ನ ಕೊರತೆ ಏನೂ ಸಾಬೀತಾಗುವುದಿಲ್ಲ.

ನನಗೆ ಚಿಂತೆ ಇರುವುದು ನೀನು ಮುಂದೇನು ಮಾಡುತ್ತೀಯ ಎಂಬುದರ ಬಗ್ಗೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಷ್ಟು ಕಾಲವೂ ಇದನ್ನು ನೋಡಿದವಳು ನಾನು. ಖೊಖೊ ಆಟಕ್ಕೆ ನಾಯಕಿಯರು ಒಬ್ಬೊಬ್ಬರನ್ನೇ ಕರೆದುಕೊಂಡು, ಕೊನೆಗೆ ಒಂದು ಹುಡುಗಿ ಯಾರಿಗೂ ಬೇಡವಾಗಿ ನಿಂತಿದ್ದಳು. ಮರುದಿನದಿಂದ ಅವಳು ನಾಯಕಿಗೆ ಮನೆಯಿಂದ ಹುಣಸೆ ಚಿಗಳಿ ತರತೊಡಗಿದಳು. ಅವಳ ಚೀಲ ಹೊತ್ತಳು, ಲೆಕ್ಕ ಬರೆದುಕೊಟ್ಟಳು, ಅವಳು ಮಾತು ಮುಗಿಸುವ ಮೊದಲೇ ನಕ್ಕಳು. ನಾಯಕಿ ಚಿಗಳಿ ಚೀಪಿ ಮುಗಿಸಿ, ಕಡ್ಡಿಯನ್ನು ಅವಳ ಕೈಗೇ ಕೊಟ್ಟು "ಎಸೆದು ಬಾ" ಎಂದಳು. ಇವಳು ಓಡಿಹೋಗಿ ಎಸೆದು ಬಂದಳು. ಆಟಕ್ಕೆ ಮಾತ್ರ ಆಗಲೂ ಕರೆಯಲಿಲ್ಲ. ಪುಟ್ಟಿ, ಆ ಮೂವರಿಗಾಗಿ ನೀನು ಹಾಗೆ ಚಿಗಳಿ ಹೊರುವುದನ್ನು ನಾನು ಸಹಿಸಲಾರೆ. ಅವರ ಅಸೈನ್‌ಮೆಂಟ್ ಬರೆದುಕೊಡಬೇಡ, ಕ್ಯಾಂಟೀನಿನಲ್ಲಿ ಅವರ ಬಿಲ್ ಕಟ್ಟಬೇಡ.

ಸಿಟ್ಟಿನ ದಾರಿಯೂ ಇದೆ. ಸ್ಟೇಟಸ್ಸಿನಲ್ಲಿ ಚುಚ್ಚುಮಾತು ಹಾಕುವುದು, ಒಬ್ಬಳ ಗುಟ್ಟನ್ನು ಇನ್ನೊಬ್ಬಳಿಗೆ ಹೇಳುವುದು. ಅದು ನಿನ್ನ ಸ್ವಭಾವವಲ್ಲ, ಹೆಚ್ಚು ಹೇಳುವುದಿಲ್ಲ.

ನಿನ್ನ ಸ್ವಭಾವಕ್ಕೆ ಒಗ್ಗುವುದು ಮುದುಡಿಕೊಳ್ಳುವುದು. ನನಗೆ ಹೆದರಿಕೆ ಇರುವುದೂ ಅದಕ್ಕೇ. ಒಂದು ಪ್ರಯೋಗದಲ್ಲಿ ಪರಸ್ಪರ ಪರಿಚಯವಾದ ವಿದ್ಯಾರ್ಥಿಗಳ ಪೈಕಿ ಕೆಲವರಿಗೆ "ನಿನ್ನ ಜೊತೆ ಕೆಲಸ ಮಾಡಲು ಯಾರೂ ಇಷ್ಟಪಡಲಿಲ್ಲ" ಎಂದು ಸುಳ್ಳೇ ಹೇಳಿ, ಬಿಸ್ಕತ್ತಿನ ಬಟ್ಟಲು ಮುಂದಿಟ್ಟರು. ಎಲ್ಲರಿಗೂ ಬೇಕಾದವರೆಂದು ಹೇಳಿಸಿಕೊಂಡವರಿಗಿಂತ ಅವರು ಸುಮಾರು ಎರಡರಷ್ಟು ತಿಂದರು. ಮನಸ್ಸು ಕುಸಿದಾಗ ತನ್ನನ್ನು ತಾನು ನೋಡಿಕೊಳ್ಳುವ ಹಿಡಿತವೇ ಸಡಿಲವಾಗುತ್ತದೆ. ನೀನು ಊಟ ಬಿಟ್ಟು ಚಿಪ್ಸ್ ತಿಂದು ಮಲಗುತ್ತಿದ್ದೀಯೆಂದು ಕೇಳಿದಾಗ ನನಗೆ ಇದೇ ನೆನಪಾಯಿತು. ತಿಂಗಳುಗಟ್ಟಲೆ ಹೀಗೇ ನಡೆದರೆ ಮನುಷ್ಯ ಪ್ರಯತ್ನಿಸುವುದನ್ನೇ ಬಿಡುತ್ತಾನೆ, ಕರೆದವರ ಕರೆಯೂ ಅವನ ಕಿವಿಗೆ ಬೀಳುವುದಿಲ್ಲ. ಅಲ್ಲಿಯವರೆಗೆ ಹೋಗಬೇಡ, ನನ್ನ ಮೇಲಾಣೆ.

ನಾಳೆಯಿಂದ ಎಲ್ಲರೂ ಉಣ್ಣುವ ಹೊತ್ತಿಗೇ ಮೆಸ್ಸಿಗೆ ಹೋಗು. ಆ ಮೂವರ ಮೇಜು ಬೇಡ, ನಿನಗೆ ನೋಟ್ಸ್ ಕೊಡುವ ಬೀದರಿನ ಹುಡುಗಿಯ ಪಕ್ಕ ಕುಳಿತುಕೋ. ಅವಳ ಬಗ್ಗೆ ಎರಡು ಸಲ ನನಗೆ ಹೇಳಿದ್ದೀಯ, ಮುಳ್ಳಯ್ಯನಗಿರಿಗೆ ಹೋದವರ ಬಗ್ಗೆ ಒಮ್ಮೆಯೂ ಅಷ್ಟು ಪ್ರೀತಿಯಿಂದ ಮಾತಾಡಿದ್ದಿಲ್ಲ. ಆಮೇಲೆ ಆ ಮೂವರಲ್ಲಿ ನಿನಗೆ ಹತ್ತಿರವಿದ್ದವಳೊಬ್ಬಳನ್ನು ಒಂಟಿಯಾಗಿ ಸಿಕ್ಕಾಗ ಕೇಳು: "ನನ್ನನ್ನು ಯಾಕೆ ಕರೆಯಲಿಲ್ಲ?" ಒಂದೇ ಸಲ ಕೇಳು. ಕಾರಿನಲ್ಲಿ ಜಾಗ ಇರಲಿಲ್ಲ ಎನ್ನಬಹುದು. ನಿನ್ನ ಯಾವುದೋ ಅಭ್ಯಾಸ ಹಿಡಿಸಲಿಲ್ಲ ಎನ್ನಬಹುದು, ಅದು ತಿದ್ದಿಕೊಳ್ಳುವಂಥದ್ದಾದರೆ ತಿದ್ದಿಕೋ. ಉತ್ತರವನ್ನೇ ಕೊಡದಿದ್ದರೆ ಅಲ್ಲಿಗೆ ಬಿಡು, ಕೋಣೆಯಲ್ಲಿ ಮಾತ್ರ ಎಂದಿನಂತೆ ಮಾತಾಡಿಕೊಂಡಿರು.

ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಕಾರಣ ನಮ್ಮ ಜಾತಿ ಎಂದು ತಿಳಿದುಬಂದರೆ, ನಿನ್ನ ತಟ್ಟೆ ಲೋಟ ದೂರವಿಡುವುದು ಕಂಡರೆ, ಆಗ ಈ ಸಹನೆಯ ಮಾತೆಲ್ಲ ಬದಿಗಿರಲಿ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿಯೇ ರದ್ದು ಮಾಡಿದೆ, ಅದನ್ನು ಆಚರಿಸುವುದು ಅಪರಾಧ. ಏನು ಯಾವಾಗ ನಡೆಯಿತೆಂದು ದಿನಾಂಕ ಸಮೇತ ಬರೆದು ವಾರ್ಡನ್‌ಗೆ ಕೊಡು, ಪ್ರತಿ ಇಟ್ಟುಕೋ, ನನಗೆ ಫೋನ್ ಮಾಡು. ಮರುದಿನವೇ ನಾನೂ ನಿನ್ನ ಅಪ್ಪನೂ ಅಲ್ಲಿರುತ್ತೇವೆ.

ದೀಪಾವಳಿಗೆ ಬರುವಾಗ ಆ ಬೀದರಿನ ಹುಡುಗಿಯನ್ನೂ ಕರೆದುಕೊಂಡು ಬಾ. ಅಷ್ಟು ದೂರದ ಊರಿಗೆ ಹೋಗಿ ಬರಲು ಅವಳಿಗೆ ರಜೆ ಸಾಲಲಿಕ್ಕಿಲ್ಲ. ಅವಳ ಅಮ್ಮನ ನಂಬರ್ ಕಳಿಸು, ನಾನೇ ಮಾತಾಡಿ ಒಪ್ಪಿಸುತ್ತೇನೆ.

ಇತಿ,
ನಿನ್ನ ಅತ್ತೆ