ಎರಡು ರೂಪಾಯಿ ನೋಟಿನ ಹಿಂಬದಿ

ಹಾಸನ
ಶನಿವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಗಿರಾಕಿ ಎದುರಿಗೇ ನಿಂತಿದ್ದರು, ಕೈಯಲ್ಲಿ ಗಾಜಿತ್ತು. ಕಲಾಂ ಅವರ ನೆನಪಿನ ಕಾರ್ಯಕ್ರಮದಲ್ಲಿ ನೀನು ಮಾತಾಡಬೇಕು ಅಂತ ಕೇಳಿ ಖುಷಿಯಾಯಿತು. 'ಅವತ್ತು ನಮ್ಮೂರು ಹೇಗಿತ್ತು ಅಪ್ಪ, ನನಗೆ ಅರ್ಧಂಬರ್ಧ ನೆನಪು' ಅಂದೆಯಲ್ಲ. ಈಗ ಶಟರ್ ಎಳೆದು ಒಳಗೆ ಕೂತಿದ್ದೇನೆ. ಮಳೆ ಜಡಿ ಹಿಡಿದಿದೆ. ನಿಧಾನವಾಗಿ ಬರೆಯುತ್ತೇನೆ.

2015ರ ಜುಲೈ 27, ಸೋಮವಾರ. ಪ್ರಥಮ ಏಕಾದಶಿ, ನಿನ್ನ ಅಜ್ಜಿ ಉಪವಾಸ ಇದ್ದರು. ಆಷಾಢದಲ್ಲಿ ನಮ್ಮ ಅಂಗಡಿಗೆ ಕೆಲಸ ಕಮ್ಮಿ ಅಂತ ನಿನಗೆ ಗೊತ್ತು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಫ್ರೇಮ್ ಹಾಕಿಸುವವರು ಯಾರು? ಬೇಗ ಮನೆಗೆ ಬಂದಿದ್ದೆ. ರಾತ್ರಿ ಎಂಟರ ಮೇಲೆ ಟಿವಿಯಲ್ಲಿ ಸುದ್ದಿ ಬಂತು. ಶಿಲ್ಲಾಂಗ್‌ನ ಐಐಎಂನಲ್ಲಿ ಹುಡುಗರ ಮುಂದೆ ಮಾತಾಡುತ್ತಿದ್ದಾಗಲೇ ಕಲಾಂ ಕುಸಿದುಬಿದ್ದರು, ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. 83 ವರ್ಷ. ಅಜ್ಜಿ ಬಾಳೆಹಣ್ಣು ಸುಲಿಯುತ್ತಿದ್ದವರು ಹಾಗೇ ಕೆಳಗಿಟ್ಟರು. 'ಪಾಠ ಮಾಡ್ತಾ ಮಾಡ್ತಾ ಹೋದ್ರಾ?' ಅಂದರು. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ.

ಮಾರನೆ ದಿನ ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ ಜನ ನಿಂತಿದ್ದರು. ಆಟೋ ಸ್ಟ್ಯಾಂಡಿನ ಹುಡುಗರು, ಎರಡು ಶಾಲೆಯ ಮೇಷ್ಟ್ರುಗಳು, ಬೇಕರಿಯವರು. ಪ್ರತಿ ವರ್ಷ ಗಣಪತಿ ಕೂರಿಸುವ ಹುಡುಗರು ಬಂದರು, ಪೆನ್ಷನ್ ಮೊಹಲ್ಲಾದ ಹುಡುಗರೂ ಬಂದರು. ಎಲ್ಲರಿಗೂ ಒಂದೇ ಫೋಟೋ ಬೇಕು, ಆ ಬಿಳಿ ಕೂದಲಿನ ನಗುಮುಖ. ನೀನು ಐದನೇ ಕ್ಲಾಸು. ಶಾಲೆ ಬಿಟ್ಟವಳೇ ಅಂಗಡಿಗೆ ಬಂದು ಮೊಳೆ ಎತ್ತಿ ಕೊಡುತ್ತಿದ್ದೆ. ಮೂರು ದಿನದಲ್ಲಿ 38 ಫ್ರೇಮ್ ಮಾಡಿದೆವು. ಮರದ ಪಟ್ಟಿ ಮುಗಿದು ಬೇರೆ ಅಂಗಡಿಯಿಂದ ತಂದೆ. ನಾನು ಗಾಜಿನ ಅಸಲು ಬಿಟ್ಟು ಏನೂ ತೆಗೆದುಕೊಳ್ಳಲಿಲ್ಲ. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಹೂ ಮಾರುವ ಅಮ್ಮ ಒಬ್ಬರು ಸೇವಂತಿಗೆ ಹಾರಕ್ಕೆ ದುಡ್ಡೇ ಬೇಡ ಅಂದರು. 'ಮಕ್ಕಳನ್ನ ಕಂಡ್ರೆ ನಿಂತು ಮಾತಾಡಿಸ್ತಿದ್ರಂತೆ ಅಲ್ವಾ, ಅಂಥವರಿಗೆ ಹೂವಿಗೂ ದುಡ್ಡು ಈಸ್ಕೊಳ್ಳೋದಾ?' ಅಂದರು.

ಅವತ್ತು ಜನ ಅತ್ತದ್ದು ಸುಮ್ನೆ ತೋರಿಕೆಗೆ ಅಲ್ಲ, ಪುಟ್ಟಿ. ಇದನ್ನು ನಿನ್ನ ಮಾತಿನಲ್ಲಿ ಹೇಳು. ಜನ ಯಾರನ್ನೋ ಟಿವಿಯಲ್ಲಿ ನೋಡಿ ಅತ್ತರು ಅಂತ ಈಗ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಮನುಷ್ಯ ರಾಷ್ಟ್ರಪತಿ ಆಗಿದ್ದಾಗಲೂ, 2007ರಲ್ಲಿ ಆ ಹುದ್ದೆ ಬಿಟ್ಟ ಮೇಲೂ, ಶಾಲೆ ಕಾಲೇಜು ಸುತ್ತಿದರು. ಮಕ್ಕಳ ಪ್ರಶ್ನೆಗೆ ನಿಂತು ಉತ್ತರ ಕೊಟ್ಟರು. ತಮ್ಮ ಮಕ್ಕಳ ಜೊತೆ ಸಮಾನವಾಗಿ ಮಾತಾಡಿದ ದೊಡ್ಡ ಮನುಷ್ಯರನ್ನು ತಂದೆ ತಾಯಿ ಮರೆಯುವುದಿಲ್ಲ.

30ನೇ ತಾರೀಕು ರಾಮೇಶ್ವರದಲ್ಲಿ ಮಣ್ಣು. ಅಂಗಡಿಯ ಸಣ್ಣ ಟಿವಿಯಲ್ಲಿ ದೂರದರ್ಶನ ಹಾಕಿದ್ದೆ. ಹೊರಗೆ ಹದಿನೈದು ಇಪ್ಪತ್ತು ಜನ ಛತ್ರಿ ಹಿಡಿದು ನಿಂತು ನೋಡಿದರು. ಆಗ ನೀನು ನನ್ನ ಅಂಗಿ ಎಳೆದು ಕೇಳಿದೆ. 'ಅಪ್ಪ, ಇವರು ಏನು ಮಾಡಿದ್ರು?'

'ರಾಕೆಟ್' ಅಂದೆ.

'ಯಾವ ರಾಕೆಟ್?'

ನನಗೆ ಗೊತ್ತಿರಲಿಲ್ಲ. 38 ಫೋಟೋಗೆ ನನ್ನ ಕೈಯಾರೆ ಗಾಜು ಕೂರಿಸಿದ್ದೆ. ನಿನಗೆ ಹೇಳುವುದಕ್ಕೆ ಒಂದು ಸಾಲು ನನ್ನ ಹತ್ತಿರ ಇರಲಿಲ್ಲ. ನೀನು ಮರೆತಿರಬಹುದು, ಆ ಸಂಕಟ ನನಗೆ ಇನ್ನೂ ಇದೆ. ಆಮೇಲೆ ಓದಿ ತಿಳಿದುಕೊಂಡೆ. ಅದು ಎಸ್‌ಎಲ್‌ವಿ-3. ಆ ಯೋಜನೆಗೆ ಕಲಾಂ ಅವರೇ ನಿರ್ದೇಶಕರು. 1979ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿಸಿದಾಗ ಸಮುದ್ರಕ್ಕೆ ಬಿತ್ತು. 1980ರ ಜುಲೈ 18ಕ್ಕೆ ರೋಹಿಣಿ ಅನ್ನುವ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 35 ಕಿಲೋ ತೂಕ, ನಮ್ಮ ಅರ್ಧ ಮೂಟೆ ಜೋಳದಷ್ಟು.

ಈಗ ನೀನು ಕೇಳದೇ ಇದ್ದ ಇನ್ನೊಂದು ಸಂಗತಿ ಹೇಳುತ್ತೇನೆ. ನಿಜವಾಗಿ ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಎರಡು ವರ್ಷ ಆದ ಮೇಲೆ, 2017ರ ಜುಲೈ 24. ಅದೂ ಸೋಮವಾರವೇ. ಹಿಂದಿನ ದಿನ ಭೀಮನ ಅಮಾವಾಸ್ಯೆ ಆಗಿತ್ತು. ಸಂಜೆ ಒಬ್ಬ ಹಿರಿಯರು ಅಂಗಡಿಗೆ ಬಂದರು. ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತಿ ಆದವರು. ನಾವೆಲ್ಲ ಇಸ್ರೋ ಅಂತ ಕರೆಯುತ್ತೇವಲ್ಲ, ಆ ದೊಡ್ಡ ಬಿಳಿ ತಟ್ಟೆಗಳಿರುವ ಜಾಗ. ಜೇಬಿನಿಂದ ಒಂದು ಸಣ್ಣ ಫೋಟೋ ತೆಗೆದು ದೊಡ್ಡದು ಮಾಡಿ ಫ್ರೇಮ್ ಹಾಕಿಕೊಡಿ ಅಂದರು. ದಪ್ಪ ಕನ್ನಡಕ, ಸೂಟು. ಯಾರು ಸಾರ್ ಅಂದೆ. 'ಯು.ಆರ್. ರಾವ್. ಇವತ್ತು ಬೆಳಗಿನ ಜಾವ ಬೆಂಗಳೂರಲ್ಲಿ ಹೋಗ್ಬಿಟ್ರು' ಅಂದರು.

ಅವತ್ತು ಆ ಫೋಟೋ ಕೇಳಿಕೊಂಡು ಬಂದವರು ಅವರೊಬ್ಬರೇ. ಮಾರನೆ ದಿನವೂ ಯಾರೂ ಬರಲಿಲ್ಲ.

ಫ್ರೇಮ್ ಆಗುವ ತನಕ ಅವರು ಸ್ಟೂಲಿನ ಮೇಲೆ ಕೂತು ಹೇಳುತ್ತಾ ಹೋದರು. ಉಡುಪಿ ಜಿಲ್ಲೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದವರು. ನಮ್ಮ ದೇಶದಲ್ಲಿ ಬಾಹ್ಯಾಕಾಶದ ಕೆಲಸ ಶುರು ಮಾಡಿದ ವಿಕ್ರಂ ಸಾರಾಭಾಯಿ ಅವರ ಕೈಕೆಳಗೆ ಓದಿ, ಅಮೆರಿಕದಲ್ಲಿ ಪಾಠ ಮಾಡುತ್ತಿದ್ದವರು 1966ರಲ್ಲಿ ವಾಪಸ್ ಬಂದುಬಿಟ್ಟರು. ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿಸಿದವರು ಅವರು. ಎಲ್ಲಿ ಕಟ್ಟಿದರು ಗೊತ್ತಾ? ಪೀಣ್ಯದಲ್ಲಿ. ನೀನು ಇಲ್ಲಿಂದ ಬಸ್ಸಿನಲ್ಲಿ ಹೋಗುವಾಗ ನೆಲಮಂಗಲ ದಾಟಿದ ಮೇಲೆ ಟ್ರಾಫಿಕ್ ಅಂತ ಬೇಸರ ಮಾಡಿಕೊಳ್ಳುತ್ತೀಯಲ್ಲ, ಅದೇ ಪೀಣ್ಯ. ಕಾರ್ಖಾನೆಗಳ ಶೀಟು ಹಾಕಿದ ಶೆಡ್ಡುಗಳಲ್ಲಿ ಕೂತು 360 ಕಿಲೋ ತೂಕದ ಉಪಗ್ರಹ ಮಾಡಿದರು. ಅದರಿಂದ ಬರುವ ಮಾಹಿತಿ ಹಿಡಿಯಲು ಜಾಗ ಸಾಲದೆ ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಕೇಂದ್ರ ಮಾಡಿಕೊಂಡರಂತೆ. 1975ರ ಏಪ್ರಿಲ್ 19ಕ್ಕೆ ರಷ್ಯಾದವರ ರಾಕೆಟ್ಟಿನಲ್ಲಿ ಮೇಲೆ ಹೋಯಿತು. ವಿದ್ಯುತ್ತಿನ ತೊಂದರೆಯಿಂದ ಕೆಲವೇ ದಿನಕ್ಕೆ ಅದರ ಪ್ರಯೋಗಗಳು ನಿಂತುಹೋದವು. ಆದರೆ ಕಟ್ಟುವುದು ಬಂತಲ್ಲ, ಅಂದರು ಆ ಹಿರಿಯರು. ಅಲ್ಲಿಂದ ಆಚೆ ಕೈ ನಿಲ್ಲಲಿಲ್ಲ.

ಎತ್ತಿನ ಗಾಡಿಯ ಮೇಲೆ ಉಪಗ್ರಹ ಇಟ್ಟಿರುವ ಫೋಟೋ ನೋಡಿದ್ದೀಯಲ್ಲ? ಅದು ಆ್ಯಪಲ್ ಅನ್ನುವ ಉಪಗ್ರಹ, 1981ರದು. ಬಡತನಕ್ಕೆ ಗಾಡಿ ಹೂಡಿದರು ಅಂತಲೇ ನಾನೂ ತಿಳಿದಿದ್ದೆ. ಹಾಗಲ್ಲವಂತೆ. ಆಂಟೆನಾ ಪರೀಕ್ಷೆ ಮಾಡುವಾಗ ಸುತ್ತ ಲೋಹ ಇದ್ದರೆ ಅಳತೆ ಕೆಡುತ್ತದೆ. ಮರದ ಗಾಡಿಯಲ್ಲಿ ಆ ತೊಂದರೆ ಇಲ್ಲ.

ಇನ್ನೊಂದು ಮಾತು ಹೇಳಿದರು, ಅದು ಕೇಳಿ ನನ್ನ ಕೈ ನಿಂತಿತು. ಟಿವಿ ಚಿತ್ರ ಊರೂರಿಗೆ ಮುಟ್ಟಿಸುವ ಇನ್ಸ್ಯಾಟ್ ಉಪಗ್ರಹಗಳು 36,000 ಕಿಲೋಮೀಟರ್ ಮೇಲೆ ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣಬೇಕು. ಸೂರ್ಯ ಚಂದ್ರರ ಸೆಳೆತಕ್ಕೆ ಅವು ಸ್ವಲ್ಪ ಸ್ವಲ್ಪ ಸರಿಯುತ್ತವೆ. ಬದು ದಾಟಿದ ಎಮ್ಮೆಯನ್ನು ಹಿಡಿದು ತಂದು ಗೂಟಕ್ಕೆ ಕಟ್ಟಿದ ಹಾಗೆ, ಅವನ್ನು ಮತ್ತೆ ಜಾಗಕ್ಕೆ ತರುವವರು ನಮ್ಮ ಸಾಲಗಾಮೆ ರಸ್ತೆಯವರು. 1982ರಿಂದ ಹಗಲು ರಾತ್ರಿ ಅದೇ ಕೆಲಸ. ರಾವ್ 1984ರಿಂದ ಹತ್ತು ವರ್ಷ ಇಸ್ರೋ ಅಧ್ಯಕ್ಷರಾಗಿದ್ದರು. ಅಂದರೆ ನಾವು ಮಳೆಯಲ್ಲಿ ನಿಂತು ನೋಡಿದ ಆ ಮೆರವಣಿಗೆಯ ಚಿತ್ರ ನಮ್ಮ ಅಂಗಡಿಯ ಡಿಶ್ಶಿಗೆ ಬಂದದ್ದು ಇನ್ಸ್ಯಾಟ್ ಮೂಲಕ. ಅದನ್ನು ಕಟ್ಟುವ ವಿದ್ಯೆ ಬೆಳೆಸಿದವರು ರಾವ್, ಕಾಯುವವರು ಇಲ್ಲಿಂದ ಮೂರು ನಾಲ್ಕು ಮೈಲಿಯ ಒಳಗೆ. ನಾವು ಕಲಾಂ ಅವರಿಗಾಗಿ ಅಳುವುದಕ್ಕೂ ಈ ಮನುಷ್ಯನ ಕೆಲಸ ಬೇಕಾಯಿತು.

ರಾವ್ ಅವರಿಗೆ ತೀರಿಕೊಂಡ ವರ್ಷವೇ, 2017ರಲ್ಲಿ, ಪದ್ಮವಿಭೂಷಣ ಬಂದಿತ್ತು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಅವರ ಹೆಸರಿಟ್ಟರು. ದೊಡ್ಡ ಗೌರವವೇ. ಆದರೂ ಅವತ್ತು ನಮ್ಮ ಎನ್.ಆರ್. ವೃತ್ತದಲ್ಲಿ ಒಂದು ಫೋಟೋ ಇಡಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ನಮ್ಮ ಊರಿನ ಮೇಲೆ ಅವರ ಋಣ ಜಾಸ್ತಿ ಇತ್ತು. ಒಂದು ಫೋಟೋ ನಾನೇ ಇಡಬಹುದಿತ್ತು. ಇಡಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಆ ಹಿರಿಯರು ಹೋಗುವಾಗ ಫ್ರೇಮಿನ ದುಡ್ಡಿನ ಜೊತೆ ಒಂದು ಹಳೇ ಎರಡು ರೂಪಾಯಿ ನೋಟು ಕೈಗಿಟ್ಟರು. ಖರ್ಚು ಮಾಡಬೇಡಿ, ಹಿಂದೆ ತಿರುಗಿಸಿ ನೋಡಿ ಅಂದರು. ನೋಡಿದೆ. ಆರ್ಯಭಟದ ಚಿತ್ರ! ನಾನು ಹುಡುಗನಾಗಿದ್ದಾಗ ಆ ನೋಟು ಕೊಟ್ಟು ಎಷ್ಟು ಸಲ ಬೀಡಿ ಕಟ್ಟು, ಟೀ ಪುಡಿ ತಂದಿದ್ದೆ ಲೆಕ್ಕವಿಲ್ಲ. ನಿನ್ನ ತಾತನ ಅಂಗಿ ಜೇಬಿನಲ್ಲಿ ಸದಾ ಇರುತ್ತಿತ್ತು. ಯಾರೂ ಅದನ್ನು ಉಪಗ್ರಹ ಅಂತ ನೋಡಿರಲಿಲ್ಲ.

ಕಾರ್ಯಕ್ರಮದಲ್ಲಿ ಕಲಾಂ ಫೋಟೋ ಹೇಗೂ ಇರುತ್ತದೆ. ಪಕ್ಕದಲ್ಲಿ ಇಡಲು ಇವತ್ತು ಒಂದು ಫ್ರೇಮ್ ಮಾಡಿದ್ದೇನೆ. ಮೇಲೆ ರಾವ್ ಫೋಟೋ, ಕೆಳಗೆ ಆ ನೋಟು, ಹಿಂಬದಿ ಮುಂದೆ ಬರುವ ಹಾಗೆ. ಬುಧವಾರ ನಿನ್ನ ಚಿಕ್ಕಪ್ಪ ಬೆಂಗಳೂರಿಗೆ ಬರುತ್ತಾನೆ, ಅವನ ಕೈಲಿ ಕಳಿಸುತ್ತೇನೆ. ಬಸ್ಸಿನಲ್ಲಿ ಒಡೆಯುತ್ತದೆ ಅಂತ ಗಾಜು ಹಾಕಿಲ್ಲ. ಅಲ್ಲೇ ಯಾವುದಾದರೂ ಅಂಗಡಿಯಲ್ಲಿ ಹಾಕಿಸಿಕೋ, ಎರಡು ಮಿಲಿಮೀಟರ್ ಸಾಕು ಅನ್ನು. ನೋಟಿಗೆ ಗೋಂದು ಹಚ್ಚಲು ಬಿಡಬೇಡ. ನಾಲ್ಕು ಮೂಲೆಗೆ ಕಾಗದದ ಪಟ್ಟಿ ಕೊಟ್ಟು ಕೂರಿಸಿದ್ದೇನೆ, ಅದು ಹಾಗೇ ಇರಲಿ.

ಇಂತಿ,
ನಿನ್ನ ಅಪ್ಪ