ಮಗಳಿಗೊಂದು ಪತ್ರ: ನಿನ್ನ ಮಾವನವರ ಪದಕಗಳು

ಪ್ರೀತಿಯ ಮಗಳೇ,

ನಿನ್ನ ಮಾವನವರ ಡಿಡಿ-214, ಅಂದರೆ ಅಮೆರಿಕದ ಭೂಸೇನೆ ಬಿಡುಗಡೆಯ ವೇಳೆ ಕೊಟ್ಟ ಸೇವಾ ದಾಖಲೆಯ ಪ್ರತಿ ತಲುಪಿತು, ಓದಿದೆ. ಸೇನಾ ದಾಖಲೆ ತಿದ್ದುಪಡಿ ಮಂಡಳಿಗೆ ಒಂದೇ ಅರ್ಜಿ ಹಾಕಿ, ಬಿಟ್ಟುಹೋದ ಪದಕಗಳನ್ನೆಲ್ಲ, ಮುಖ್ಯವಾಗಿ ಯುದ್ಧದಲ್ಲಿ ಗಾಯಗೊಂಡವರಿಗೆ ಸಲ್ಲುವ ಪರ್ಪಲ್ ಹಾರ್ಟನ್ನು, ಒಟ್ಟಿಗೆ ಕೇಳಿಬಿಡೋಣ ಅಂತ ಬರೆದಿದ್ದೀಯ. ದಯವಿಟ್ಟು ಹಾಗೆ ಮಾಡಬೇಡ. ಬಿಟ್ಟುಹೋದ ಪದಕಗಳಲ್ಲಿ ಮೂರು ಬಗೆ. ತಾರೀಕು ನೋಡಿದರೆ ಸಾಕು, ತಾವಾಗಿಯೇ ಸಲ್ಲಬೇಕಾದವು ಕೆಲವು. ಆಗಲೇ ಆದೇಶ ಹೊರಟಿದ್ದರೂ ಕಾಗದ ಫೈಲು ಸೇರದೆ ಹೋದವು ಇನ್ನು ಕೆಲವು. ಯಾರೂ ಶಿಫಾರಸು ಬರೆಯದೆ ಉಳಿದವು ಮತ್ತೆ ಕೆಲವು. ಮೂರಕ್ಕೂ ದಾರಿ ಬೇರೆ, ಪುರಾವೆ ಬೇರೆ. ಒಂದೇ ಲಕೋಟೆಗೆ ಮೂರನ್ನೂ ತುರುಕಿದರೆ ಸುಲಭದ್ದು ಕಷ್ಟದ್ದರ ಜೊತೆ ಸಿಕ್ಕಿಕೊಂಡು ಕೂರುತ್ತದೆ. ಬೀಗರಿಗೆ ಎಂಬತ್ತು ಹತ್ತಿರ ಬಂತು, ತಿಂಗಳುಗಳನ್ನು ಹಾಗೆ ಕಳೆಯುವುದು ಬೇಡ.

ಮೊದಲು ಕೈಯಲ್ಲಿರುವ ಕಾಗದವನ್ನೇ ಸರಿಯಾಗಿ ಓದು. ಅವರದು 1966ರ ಜುಲೈ ನಮೂನೆ, ಅದರಲ್ಲಿ ಪದಕಗಳು 24ನೇ ಅಂಕಣದಲ್ಲಿರುತ್ತವೆ. ಈಗಿನ ನಮೂನೆಯಲ್ಲಿ ಅದು 13ನೆಯದು, ಅದಕ್ಕೇ ಇಂದಿನ ಮಾರ್ಗದರ್ಶಿ ಹಿಡಿದು ಹಳೆಯ ಕಾಗದ ಓದುವವರು ತಡಕಾಡುತ್ತಾರೆ. 24ರಲ್ಲಿ ನ್ಯಾಷನಲ್ ಡಿಫೆನ್ಸ್ ಸರ್ವಿಸ್ ಮೆಡಲ್, ವಿಯೆಟ್ನಾಂ ಸರ್ವಿಸ್ ಮೆಡಲ್, ವಿಯೆಟ್ನಾಂ ಕ್ಯಾಂಪೇನ್ ಮೆಡಲ್, ಕಾಂಬ್ಯಾಟ್ ಇನ್‌ಫೆಂಟ್ರಿ ಬ್ಯಾಡ್ಜ್ ಇಷ್ಟೇ ಇವೆ. 30ನೇ ಅಂಕಣದ ಷರಾದಲ್ಲಿ ಅವರು ವಿಯೆಟ್ನಾಮಿನಲ್ಲಿದ್ದ ಅವಧಿ ಟೈಪಾಗಿದೆ: 1968ರ ಆಗಸ್ಟ್ 10ರಿಂದ 1969ರ ಆಗಸ್ಟ್ 7. ನಮ್ಮ ಅರ್ಧ ಕೆಲಸ ಆ ಎರಡು ತಾರೀಕುಗಳಿಂದಲೇ ಆಗುತ್ತದೆ.

ಹೇಗೆ ಅಂದರೆ, ವಿಯೆಟ್ನಾಂ ಸರ್ವಿಸ್ ಮೆಡಲ್ಲಿನ ರಿಬ್ಬನ್ ಮೇಲೆ ಪಾಲ್ಗೊಂಡ ಪ್ರತಿ ಅಭಿಯಾನಕ್ಕೂ ಒಂದು ಕಂಚಿನ ನಕ್ಷತ್ರ ಸಲ್ಲುತ್ತದೆ. ಅಭಿಯಾನಗಳ ತಾರೀಕುಗಳನ್ನು ಸೇನೆಯೇ ನಿಗದಿ ಮಾಡಿದೆ. ಕೌಂಟರ್‌ಆಫೆನ್ಸಿವ್ ಐದನೇ ಹಂತ 1968ರ ಜುಲೈ 1ರಿಂದ ನವೆಂಬರ್ 1. ಆರನೇ ಹಂತ ನವೆಂಬರ್ 2ರಿಂದ 1969ರ ಫೆಬ್ರವರಿ 22. ಟೆಟ್ 69 ಕೌಂಟರ್‌ಆಫೆನ್ಸಿವ್ ಫೆಬ್ರವರಿ 23ರಿಂದ ಜೂನ್ 8. ಸಮರ್-ಫಾಲ್ 1969 ಎನ್ನುವುದು ಜೂನ್ 9ರಿಂದ ಅಕ್ಟೋಬರ್ 31. ಬೀಗರು ನಾಲ್ಕರಲ್ಲೂ ಇದ್ದರು, ಆದ್ದರಿಂದ ನಾಲ್ಕು ನಕ್ಷತ್ರ. ಅವರ ಕಾಗದದಲ್ಲಿ ಒಂದೂ ಇಲ್ಲ. ರಿಪಬ್ಲಿಕ್ ಆಫ್ ವಿಯೆಟ್ನಾಂ ಗ್ಯಾಲಂಟ್ರಿ ಕ್ರಾಸ್ ವಿತ್ ಪಾಮ್ ಯೂನಿಟ್ ಸೈಟೇಷನ್ನಿನದೂ ಇದೇ ಕಥೆ. ವಿಯೆಟ್ನಾಮಿನಲ್ಲಿದ್ದ ಭೂಸೇನೆಯ ಘಟಕಗಳಿಗೆಲ್ಲ ಅದನ್ನು ಕೊಟ್ಟದ್ದು 1974ರ 8ನೇ ಸಂಖ್ಯೆಯ ಜನರಲ್ ಆರ್ಡರ್ ಮೂಲಕ, ಅಂದರೆ ಬೀಗರು ಸೇನೆ ಬಿಟ್ಟು ಐದು ವರ್ಷವಾದ ಮೇಲೆ. 1969ರಲ್ಲಿ ಟೈಪ್ ಮಾಡಿದ ಹಾಳೆಯಲ್ಲಿ ಅದು ಇರುವ ಸಾಧ್ಯತೆಯೇ ಇರಲಿಲ್ಲ. ಅವರ ಘಟಕಕ್ಕೆ ಬೇರೆ ಯಾವ ಯೂನಿಟ್ ಗೌರವಗಳು ಸಂದಿವೆ ಎಂಬುದು ಭೂಸೇನಾ ಇಲಾಖೆಯ (ಡಿಎ) ಪ್ಯಾಂಫ್ಲೆಟ್ 672-3ರಲ್ಲಿ ಸಿಗುತ್ತದೆ.

ಗುಡ್ ಕಾಂಡಕ್ಟ್ ಮೆಡಲ್ ಕೂಡ ಇಲ್ಲ. ಮೂರು ವರ್ಷ ಆಗಿಲ್ಲವಲ್ಲ, ಸಿಗುವುದಿಲ್ಲ ಅಂತ ಅವರೇ ಕೈಬಿಟ್ಟಿರಬಹುದು. ಡ್ರಾಫ್ಟ್ ಆಗಿ, ಅಂದರೆ ಕಡ್ಡಾಯ ಸೇವೆಗೆ ಸೇರಿಸಲ್ಪಟ್ಟು, ಎರಡು ವರ್ಷ ಸೇವೆ ಮಾಡಿದವರಿಗೂ ಅದು ಸಲ್ಲುತ್ತದೆ: ಮೊದಲ ಸೇವಾವಧಿ ಒಂದು ವರ್ಷಕ್ಕಿಂತ ಹೆಚ್ಚಿದ್ದು, ಗೌರವಯುತವಾಗಿ ಬಿಡುಗಡೆಯಾಗಿ, ಕೋರ್ಟ್ ಮಾರ್ಷಲ್ ಶಿಕ್ಷೆ ಇಲ್ಲದೆ, ನಡತೆ ಮತ್ತು ದಕ್ಷತೆಯ ಅಂಕಣಗಳಲ್ಲೆಲ್ಲ ‘ಎಕ್ಸಲೆಂಟ್’ ಎಂದಿರಬೇಕು. ಆ ಅಂಕಣಗಳು ಸೈನಿಕನ ಸೇವಾವಿವರಗಳ ಹಾಳೆಯಾದ ಡಿಎ ಫಾರ್ಮ್ 20ರಲ್ಲಿವೆ. ಹಾಗಾಗಿ ಆ ಫಾರ್ಮ್ ಕೈಗೆ ಬಾರದೆ ಯಾವ ಅರ್ಜಿಯನ್ನೂ ಬರೆಯಲು ಕೂರಬೇಡ.

ಅದನ್ನು ತರಿಸುವುದು ಸೇಂಟ್ ಲೂಯಿಸ್‌ನ ನ್ಯಾಷನಲ್ ಪರ್ಸನೆಲ್ ರೆಕಾರ್ಡ್ಸ್ ಸೆಂಟರಿನಿಂದ, ಮಾಜಿ ಸೈನಿಕರ ಫೈಲುಗಳಿರುವುದು ಅಲ್ಲೇ. ಎಸ್‌ಎಫ್-180 ಎಂಬ ಕೋರಿಕೆ ನಮೂನೆ ತುಂಬಿ ಅಂಚೆಯಲ್ಲಾದರೂ ಕಳಿಸಬಹುದು, ನ್ಯಾಷನಲ್ ಆರ್ಕೈವ್ಸ್ ಜಾಲತಾಣದಲ್ಲಾದರೂ ಕೋರಬಹುದು. ಸಹಿ ಬೀಗರದೇ ಆಗಬೇಕು, ಸೊಸೆಯ ಸಹಿ ನಡೆಯುವುದಿಲ್ಲ. ಸೇನೆ ಬಿಟ್ಟು 62 ವರ್ಷ ಆದಮೇಲಷ್ಟೇ ಫೈಲು ಸಾರ್ವಜನಿಕ ದಾಖಲೆಯಾಗುತ್ತದೆ, ಅವರದಕ್ಕೆ ಇನ್ನೂ ಕಾಲವಿದೆ. ಕೋರಿಕೆಯಲ್ಲಿ ‘ಡಿಡಿ-214 ಪ್ರತಿ ಕೊಡಿ’ ಎಂದಷ್ಟೇ ಬರೆದರೆ ಅದೊಂದೇ ಹಾಳೆ ಬರುತ್ತದೆ. ‘ಸಂಪೂರ್ಣ ಸಿಬ್ಬಂದಿ ಫೈಲು, ಡಿಎ ಫಾರ್ಮ್ 20ರ ಎರಡೂ ಬದಿ, ಎಲ್ಲ ಆದೇಶಗಳು, ವೈದ್ಯಕೀಯ ಮತ್ತು ಆಸ್ಪತ್ರೆ ದಾಖಲೆಗಳು’ ಎಂದು ಬಿಡಿಸಿ ಬರೆ.

ಇನ್ನೊಂದು ಸೂಕ್ಷ್ಮ ಇದೆ. ಭೂಸೇನೆ 1969ರ ಜುಲೈ 1ರಂದು ಹಳೆಯ ಸರ್ವಿಸ್ ನಂಬರ್ ಬಿಟ್ಟು ಸೋಷಿಯಲ್ ಸೆಕ್ಯುರಿಟಿ ನಂಬರಿಗೆ ಬದಲಾಯಿತು. ಬೀಗರು ಆ ಗೆರೆಯ ಎರಡೂ ಕಡೆ ಇದ್ದವರು. ಗಾಯವಾದ ಕಾಲದ ಆದೇಶ ಹಳೆಯ ನಂಬರಿನಲ್ಲಿ, ಬಿಡುಗಡೆಯ ಕಾಗದ ಹೊಸ ನಂಬರಿನಲ್ಲಿ ಇರುವ ಸಂಭವವಿದೆ. ಪ್ರತಿ ಕೋರಿಕೆಯಲ್ಲೂ ಎರಡನ್ನೂ ಬರೆ. ಹೆಸರಿನ ಒಂದಕ್ಷರ ಅಥವಾ ನಂಬರಿನ ಒಂದಂಕಿ ತಪ್ಪಿದ್ದಕ್ಕೇ ಎಷ್ಟೋ ಆದೇಶಗಳು ಹುಡುಕುವವರ ಕಣ್ಣಿಗೆ ಬೀಳದೆ ಉಳಿದಿವೆ. ಅಂದಹಾಗೆ, 1973ರ ಜುಲೈ 12ರಂದು ಆ ಸೆಂಟರಿಗೆ ಬಿದ್ದ ಬೆಂಕಿಯಲ್ಲಿ ಎಲ್ಲ ಸುಟ್ಟುಹೋಗಿದೆ ಅಂತ ಯಾರಾದರೂ ಹೇಳಿದರೆ ನಂಬಿ ಸುಮ್ಮನಾಗಬೇಡ. ಆ ಬೆಂಕಿಗೆ ಹೆಚ್ಚಾಗಿ ಆಹುತಿಯಾದದ್ದು 1912ರಿಂದ 1960ರ ಜನವರಿ 1ರ ನಡುವೆ ಭೂಸೇನೆ ಬಿಟ್ಟವರ ಫೈಲುಗಳು, ಮತ್ತು ವಾಯುಸೇನೆಯ 1947ರಿಂದ 1964ರ ಜನವರಿ 1ರವರೆಗಿನ ಒಂದು ಭಾಗ. 1969ರಲ್ಲಿ ಬಿಡುಗಡೆಯಾದವರು ಆ ಲೆಕ್ಕಕ್ಕೆ ಬರುವುದಿಲ್ಲ.

ಈಗ ಪರ್ಪಲ್ ಹಾರ್ಟ್. ನೀನು ಮುಖ್ಯವಾಗಿ ಕೇಳಿದ್ದೇ ಇದನ್ನು.

ಇದು ಮೆಚ್ಚಿ ಕೊಡುವ ಪದಕ ಅಲ್ಲ, ಇದಕ್ಕೆ ಶಿಫಾರಸು ಬೇಕಿಲ್ಲ. ಷರತ್ತು ಪೂರೈಸಿದರೆ ಅದು ಹಕ್ಕು. ಷರತ್ತು ಮೂರು: ಗಾಯ ಆಗಿರಬೇಕು, ಅದು ಶತ್ರುವಿನ ಕೃತ್ಯದಿಂದ ಆಗಿರಬೇಕು, ವೈದ್ಯಕೀಯ ಸಿಬ್ಬಂದಿ ಚಿಕಿತ್ಸೆ ಕೊಟ್ಟದ್ದು ದಾಖಲಾಗಿರಬೇಕು. ಬೀಗರ ಎಡತೊಡೆಯ ಗಾಯದ ಕಲೆ ಮೊದಲನೆಯದನ್ನು ಹೇಳುತ್ತದೆ, ಎರಡನೆಯದನ್ನು ಹೇಳುವುದಿಲ್ಲ. ಅರ್ಜಿಗಳು ಬಿದ್ದುಹೋಗುವುದು ಬಹುಪಾಲು ಅಲ್ಲೇ. ‘ಎಡತೊಡೆಯಲ್ಲಿ ಲೋಹದ ಚೂರು’ ಎಂದಷ್ಟೇ ಆಸ್ಪತ್ರೆ ಚೀಟಿಯಲ್ಲಿದ್ದರೆ, ಅದು ನಮ್ಮವರದೇ ಗ್ರೆನೇಡ್ ಕೈತಪ್ಪಿ ಸಿಡಿದದ್ದೂ ಆಗಿರಬಹುದಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ‘ಮಾರ್ಟರ್ ದಾಳಿಯಲ್ಲಿ’ ಎಂಬ ಒಂದು ಮಾತು ಎಲ್ಲಾದರೂ ಬೇಕು. ಅದನ್ನು ಹುಡುಕುವುದೇ ನಿಜವಾದ ಕೆಲಸ.

ಡಿಎ ಫಾರ್ಮ್ 20 ಬಂದ ಕೂಡಲೇ 40ನೇ ಅಂಕಣ ನೋಡು, ಗಾಯಗಳು ಅಲ್ಲಿರುತ್ತವೆ. 41ರಲ್ಲಿ ಪದಕಗಳು, 38ರಲ್ಲಿ ಎಲ್ಲೆಲ್ಲಿ ಕೆಲಸ ಮಾಡಿದರು ಎಂಬ ವಿವರ. 38ರಲ್ಲಿ ಕಂಪನಿಯಿಂದ ಆಸ್ಪತ್ರೆಗೆ ವರ್ಗ ಎಂದು ತಾರೀಕಿನೊಂದಿಗೆ ನಮೂದಾಗಿದ್ದರೆ ಅದು ದೊಡ್ಡ ಆಸರೆ. 40 ಖಾಲಿಯಿದ್ದರೂ ಎದೆಗುಂದಬೇಡ. ಪರ್ಪಲ್ ಹಾರ್ಟ್ ಆದೇಶಗಳನ್ನು ಡಿವಿಷನ್ ಮಾತ್ರವಲ್ಲ, ಇವ್ಯಾಕ್ಯುಯೇಷನ್ ಆಸ್ಪತ್ರೆಗಳೂ ಹೊರಡಿಸುತ್ತಿದ್ದವು. ಹಾಸಿಗೆಯ ಪಕ್ಕದಲ್ಲೇ ಪದಕ ಕೊಟ್ಟು ಆದೇಶದ ಪ್ರತಿ ಘಟಕಕ್ಕೆ ಹೋಗದಿದ್ದರೆ, ಕಂಪನಿಯ ಗುಮಾಸ್ತನಿಗೆ ವಿಷಯವೇ ತಿಳಿದಿರುವುದಿಲ್ಲ. ಆದ್ದರಿಂದ ಡಿವಿಷನ್ ಆದೇಶಗಳಲ್ಲಿ ಹೆಸರಿಲ್ಲ ಎಂದಾದರೆ ಆಸ್ಪತ್ರೆಯ ಹೆಸರು ಹಿಡಿದು ಹುಡುಕಿಸಬೇಕು. ಯಾವ ಆಸ್ಪತ್ರೆ ಎಂಬುದನ್ನು ಬೀಗರ ಬಾಯಿಂದಲೇ ಕೇಳಿ ತಿಳಿದುಕೋ, ಊರಿನ ಹೆಸರು ನೆನಪಿದ್ದರೂ ಸಾಕು.

ಅದರ ಜೊತೆಗೆ ಅವರ ಕಂಪನಿಯ ಮಾರ್ನಿಂಗ್ ರಿಪೋರ್ಟ್ ಕೇಳು. ಯಾವ ಸೈನಿಕ ಯಾವ ದಿನ ಕರ್ತವ್ಯದಿಂದ ಆಸ್ಪತ್ರೆಗೆ ಹೋದ ಎಂಬುದು ಅದರಲ್ಲಿ ಬರುತ್ತಿತ್ತು. ಅವೂ ಸೇಂಟ್ ಲೂಯಿಸ್‌ನಲ್ಲೇ ಇವೆ. ‘1969ರಲ್ಲಿ’ ಎಂದು ಕೇಳಿದರೆ ಹುಡುಕಲಾಗುವುದಿಲ್ಲ. ಕಂಪನಿ, ಬೆಟಾಲಿಯನ್, ತಿಂಗಳು, ಮೂರನ್ನೂ ಕೊಡು. ಆ ದಿನ ದಾಳಿ ನಡೆದಿತ್ತು ಎಂದು ತೋರಿಸಲು ಬೆಟಾಲಿಯನ್ನಿನ ದೈನಂದಿನ ಜರ್ನಲ್ ಬೇಕು, ಅದು ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಎರಡನ್ನೂ ಒಂದರ ಪಕ್ಕ ಒಂದಿಟ್ಟರೆ ಸಂಬಂಧ ಕಾಣುತ್ತದೆ: ಜರ್ನಲ್ಲಿನಲ್ಲಿ ಫೆಬ್ರವರಿಯ ಒಂದು ರಾತ್ರಿ ಮಾರ್ಟರ್ ದಾಳಿ, ಇಷ್ಟು ಜನ ಗಾಯಾಳು, ಮರುದಿನದ ಮಾರ್ನಿಂಗ್ ರಿಪೋರ್ಟಿನಲ್ಲಿ ಅಷ್ಟೇ ಜನರ ಹೆಸರು, ಅದರಲ್ಲಿ ಬೀಗರದೂ ಒಂದು. ಮಂಡಳಿಯವರು ಎರಡನೇ ಮಾತಿಲ್ಲದೆ ಒಪ್ಪುವುದು ಇಂಥ ಜೋಡಿಯನ್ನು.

ವೈದ್ಯಕೀಯ ಕಾಗದ ಸೇಂಟ್ ಲೂಯಿಸ್‌ನಲ್ಲಿ ಸಿಗದಿದ್ದರೆ ವಿಎ, ಅಂದರೆ ಮಾಜಿ ಸೈನಿಕರ ಇಲಾಖೆಯ ಕಡೆ ನೋಡು. ಅವರು ಯಾವಾಗಲಾದರೂ ಅಂಗವೈಕಲ್ಯ ಪರಿಹಾರಕ್ಕೆ ಅರ್ಜಿ ಹಾಕಿದ್ದರೆ, ಮೂಲ ದಾಖಲೆಯನ್ನು ಆಗ ವಿಎ ತರಿಸಿಕೊಂಡು ಕ್ಲೇಮ್ ಫೈಲಿನಲ್ಲೇ ಇಟ್ಟುಕೊಂಡಿರಬಹುದು. ಅದನ್ನು ಕೇಳುವ ನಮೂನೆ ವಿಎ ಫಾರ್ಮ್ 20-10206. ನಿನ್ನ ಅತ್ತೆಯವರನ್ನೂ ಕೇಳು: ಮಗ ಗಾಯಗೊಂಡಿದ್ದಾನೆ ಎಂದು ಸೇನೆಯಿಂದ ಬೀಗರ ತಂದೆತಾಯಿಗೆ ಟೆಲಿಗ್ರಾಂ ಬಂದಿತ್ತೇ, ಆಸ್ಪತ್ರೆಯಿಂದ ಬೀಗರು ಬರೆದ ಕಾಗದ ಯಾರಾದರೂ ಎತ್ತಿಟ್ಟಿದ್ದಾರೆಯೇ? ಅಂಚೆಮುದ್ರೆಯ ತಾರೀಕಿರುವ ಲಕೋಟೆಗೆ ಈಗಿನ ಹತ್ತು ಹೇಳಿಕೆಗಳಿಗಿಂತ ಹೆಚ್ಚು ತೂಕ.

ಜೊತೆಗಾರರ ಹೇಳಿಕೆ ಬೇಕೇ ಬೇಕು, ಆದರೆ ಹೇಗೆ ಬರೆಸುತ್ತೀಯ ಎಂಬುದರ ಮೇಲಿದೆ. ‘ಅವನು ಧೀರ, ಪದಕಕ್ಕೆ ಅರ್ಹ’ ಎಂಬ ಹೇಳಿಕೆಯಿಂದ ಏನೂ ಆಗುವುದಿಲ್ಲ. ತಾನು ಆಗ ಎಲ್ಲಿದ್ದೆ, ಎಷ್ಟು ದೂರದಲ್ಲಿದ್ದೆ, ಏನು ಸಿಡಿಯಿತು, ಗಾಯ ಎಲ್ಲಿ ಆಯಿತು, ಯಾರು ಪಟ್ಟಿ ಕಟ್ಟಿದರು, ಹೆಲಿಕಾಪ್ಟರ್ ಹತ್ತಿಸಿದ್ದನ್ನು ಕಂಡೆನೇ ಎಂಬುದನ್ನು ಬರೆಯಬೇಕು. ನೋಟರಿ ಮುಂದೆ ಸಹಿ ಮಾಡಿಸಿ, ಬರೆದವರು ಅದೇ ಕಂಪನಿಯಲ್ಲಿದ್ದರು ಎಂದು ತೋರಿಸುವ ಅವರ ಡಿಡಿ-214 ಅಥವಾ ಆದೇಶದ ಪ್ರತಿ ಲಗತ್ತಿಸು. ಇಬ್ಬರ ಹೇಳಿಕೆಯೂ ಒಂದೇ ಅಚ್ಚಿನಲ್ಲಿದ್ದರೆ ಇಬ್ಬರದೂ ನಂಬಿಕೆ ಕಳೆದುಕೊಳ್ಳುತ್ತದೆ, ಆದ್ದರಿಂದ ನೀನು ಬರೆದು ಕೊಡಬೇಡ. ಅದೇ ರಾತ್ರಿ ಗಾಯಗೊಂಡ ಇನ್ನೊಬ್ಬರು ಸಿಕ್ಕರೆ ಅವರ ಪರ್ಪಲ್ ಹಾರ್ಟ್ ಆದೇಶವನ್ನು ಕೇಳಿ ನೋಡು. ಒಂದೇ ಆದೇಶದಲ್ಲಿ ಹಲವರ ಹೆಸರಿರುತ್ತಿತ್ತು. ಬೀಗರ ಹೆಸರು ಎರಡು ಸಾಲು ಕೆಳಗೇ ಇದ್ದೀತು.

ಇಷ್ಟಾದ ಮೇಲೆ ಮೊದಲು ಹೋಗಬೇಕಾದದ್ದು ಮಂಡಳಿಗಲ್ಲ, ಕೆಂಟಕಿಯ ಫೋರ್ಟ್ ನಾಕ್ಸ್‌ನಲ್ಲಿರುವ ಆರ್ಮಿ ಹ್ಯೂಮನ್ ರಿಸೋರ್ಸಸ್ ಕಮಾಂಡಿನ ಪದಕ ವಿಭಾಗಕ್ಕೆ. ವಿಯೆಟ್ನಾಂ ಕಾಲದ ಪದಕ ಆದೇಶಗಳ ಗಣಕ ಸೂಚಿಯನ್ನು ನೋಡಿಸಬಲ್ಲವರು ಅವರು. ನಕ್ಷತ್ರ, ಯೂನಿಟ್ ಗೌರವಗಳಂಥ ತಾರೀಕಿನ ವಿಷಯಗಳನ್ನು ಮಂಡಳಿಯ ಮತದಾನವಿಲ್ಲದೆ ಆಡಳಿತದ ಹಂತದಲ್ಲೇ ಸರಿಪಡಿಸಿ ಡಿಡಿ-215 ಎಂಬ ತಿದ್ದುಪಡಿ ಹಾಳೆ ಕಳಿಸುತ್ತಾರೆ. ಇರುವ ಹಂತಗಳನ್ನು ಮುಗಿಸದೆ ಬಂದ ಅರ್ಜಿಯನ್ನು ಮಂಡಳಿ ತಿರುಗಿಸಿ ಕಳಿಸಬಹುದು.

ಅಲ್ಲಿ ಇಲ್ಲ ಎಂದರೆ ಆಗ ಡಿಡಿ-149 ನಮೂನೆಯ ಅರ್ಜಿ, ನೀನು ಹೇಳಿದ ಮಂಡಳಿಗೆ, ಅಂದರೆ ಆರ್ಮಿ ಬೋರ್ಡ್ ಫಾರ್ ಕರೆಕ್ಷನ್ ಆಫ್ ಮಿಲಿಟರಿ ರೆಕಾರ್ಡ್ಸ್‌ಗೆ. ಡಿಡಿ-293 ಎಂಬ ನಮೂನೆಯೂ ಕಣ್ಣಿಗೆ ಬೀಳುತ್ತದೆ, ಅದು ಬಿಡುಗಡೆಯ ದರ್ಜೆ ಬದಲಿಸಲು, ನಮಗೆ ಸಂಬಂಧವಿಲ್ಲ. ಏನು ಬೇಕು ಎಂಬ ಜಾಗದಲ್ಲಿ ಒಂದೇ ವಾಕ್ಯ ಸಾಕು: ಇಂಥ ದಿನ ಶತ್ರುವಿನ ಮಾರ್ಟರ್ ದಾಳಿಯಲ್ಲಾದ ಗಾಯಕ್ಕೆ ಪರ್ಪಲ್ ಹಾರ್ಟ್ ನೀಡಿ, ಡಿಡಿ-214ರ 24ನೇ ಅಂಕಣಕ್ಕೆ ಸೇರಿಸಬೇಕು. ಕಾರಣದ ಜಾಗದಲ್ಲಿ ಪುರಾವೆಗಳಿಗೆ ಎ, ಬಿ, ಸಿ ಎಂದು ಗುರುತು ಹಾಕಿ, ಯಾವುದು ಯಾವ ಷರತ್ತನ್ನು ಪೂರೈಸುತ್ತದೆ ಎಂದು ಹೇಳು. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ನಿಯಮವಿದೆ. ನ್ಯಾಯದ ಹಿತದೃಷ್ಟಿಯಿಂದ ಮಂಡಳಿ ಅದನ್ನು ಸಡಿಲಿಸಬಹುದು. ಆ ವಿನಾಯಿತಿ ಕೇಳುವ ಜಾಗವನ್ನು ಎಷ್ಟೋ ಜನ ಖಾಲಿ ಬಿಡುತ್ತಾರೆ. ಆದೇಶವೇ ಕೈಸೇರಿರಲಿಲ್ಲ, ದಾಖಲೆ ತರಿಸಿದ ಮೇಲಷ್ಟೇ ತಿಳಿಯಿತು ಎಂಬುದು ನಿಜವಾಗಿದ್ದರೆ ಹಾಗೇ ಬರೆ. ಮೂಲ ಪ್ರತಿ ಯಾವುದನ್ನೂ ಕಳಿಸಬೇಡ. ತೀರ್ಮಾನಕ್ಕೆ ಒಂದು ವರ್ಷ ಮೀರಬಹುದು. ತಿರಸ್ಕರಿಸಿದರೂ ಮೊದಲು ಕೊಡದಿದ್ದ ಹೊಸ ಪುರಾವೆ ಸಿಕ್ಕರೆ ಮರುಪರಿಶೀಲನೆ ಕೇಳುವ ಹಕ್ಕಿದೆ. ಕೌಂಟಿಯ ವೆಟರನ್ಸ್ ಸರ್ವಿಸ್ ಆಫೀಸರ್, ಮಾಜಿ ಸೈನಿಕರ ಸಂಘಗಳಾದ ಅಮೆರಿಕನ್ ಲೀಜನ್, ಡಿಎವಿ ಇವರೆಲ್ಲ ಉಚಿತವಾಗಿ ನೆರವಾಗುತ್ತಾರೆ, ದುಡ್ಡು ಕೇಳುವವರ ಹತ್ತಿರ ಹೋಗಬೇಡ.

ಬ್ರಾಂಜ್ ಸ್ಟಾರ್ ವಿಷಯ ಬೇರೆ. ಇದು ರಿಬ್ಬನ್ ಮೇಲಿನ ಕಂಚಿನ ನಕ್ಷತ್ರವಲ್ಲ, ಪ್ರತ್ಯೇಕ ಪದಕ. ಲೆಫ್ಟಿನೆಂಟ್ ‘ನಿನ್ನ ಹೆಸರು ಕಳಿಸುತ್ತೇನೆ’ ಎಂದಿದ್ದರು ಎಂಬುದು ಬೀಗರ ನೆನಪು. ಕಾಂಬ್ಯಾಟ್ ಇನ್‌ಫೆಂಟ್ರಿ ಬ್ಯಾಡ್ಜ್ ಇದ್ದವರಿಗೆ ಬ್ರಾಂಜ್ ಸ್ಟಾರ್ ತಾನಾಗಿ ಬರುತ್ತದೆ ಎಂದು ಯಾರೋ ಹೇಳಿದ್ದಾರಂತೆ. ಆ ನಿಯಮ ಎರಡನೇ ಮಹಾಯುದ್ಧದವರಿಗೆ ಮಾತ್ರ. ಇಲ್ಲಿ ಹೊಸದಾಗಿ ಶಿಫಾರಸು ಆಗಬೇಕು, ಅವಧಿ ಮುಗಿದಿರುವುದರಿಂದ ಅದು ಸಂಸತ್ ಸದಸ್ಯರ ಮೂಲಕವೇ ಹೋಗಬೇಕು. ಅಮೆರಿಕದ ಕಾನೂನಿನ 10ನೇ ಶೀರ್ಷಿಕೆಯ 1130ನೇ ವಿಧಿ ಅದಕ್ಕೇ ಇದೆ. ಶಿಫಾರಸಿನ ನಮೂನೆ ಡಿಎ ಫಾರ್ಮ್ 638, ಘಟನೆಯ ವಿವರ, ಪ್ರಶಸ್ತಿ ಪತ್ರದ ಕರಡು, ಕಣ್ಣಾರೆ ಕಂಡವರ ಹೇಳಿಕೆಗಳು, ಆ ಕಾಲದ ಮೇಲಧಿಕಾರಿಗಳ ಅನುಮೋದನೆ ಬೇಕು. ತನಗೆ ತಾನೇ ಶಿಫಾರಸು ಮಾಡಿಕೊಳ್ಳುವಂತಿಲ್ಲ. ಆ ಲೆಫ್ಟಿನೆಂಟ್ ಇದ್ದಾರೆಯೇ ಎಂದು ಘಟಕದ ಸಂಘದವರನ್ನು ವಿಚಾರಿಸುವುದನ್ನು ಮಾತ್ರ ಈಗಲೇ ಶುರುಮಾಡು, ಅವರಿಗೂ ವಯಸ್ಸಾಗಿರುತ್ತದೆ. ಉಳಿದದ್ದು ಆಮೇಲೆ.

ಈ ಓಡಾಟ ಅಲಂಕಾರಕ್ಕಲ್ಲ ಎಂಬುದನ್ನು ಅಳಿಯಂದಿರಿಗೂ ಹೇಳು. ಪರ್ಪಲ್ ಹಾರ್ಟ್ ದಾಖಲಾದರೆ ವಿಎ ಆಸ್ಪತ್ರೆಯಲ್ಲಿ ಕನಿಷ್ಠ ಮೂರನೇ ಆದ್ಯತಾ ಗುಂಪಿನಲ್ಲಿ ಸೇರಿಸುತ್ತಾರೆ, 2020ರಿಂದ ಸೇನಾ ಕಮಿಸರಿಯಲ್ಲಿ ಸಾಮಾನು ಕೊಳ್ಳುವ ಸೌಲಭ್ಯವೂ ಇದೆ. ಅಂಗಡಿಯಲ್ಲಿ ಕೊಂಡು ಚೌಕಟ್ಟು ಹಾಕಿಸಿದ ಪದಕದಿಂದ ಇದ್ಯಾವುದೂ ಆಗುವುದಿಲ್ಲ. ದಾಖಲೆ ತಿದ್ದಿದ ಮೇಲೆ ಪದಕಗಳನ್ನು ಸೇನೆಯೇ ಅವರಿಗೆ ಉಚಿತವಾಗಿ ಕಳಿಸುತ್ತದೆ. ಡಿಡಿ-215 ಬಂದಾಗ ಹಳೆಯ 214ನ್ನು ಎಸೆಯಬೇಡ. 215 ಅದಕ್ಕೆ ಲಗತ್ತು, ಬದಲಿ ಅಲ್ಲ. ಎರಡನ್ನೂ ಸೇರಿಸಿ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ನೋಂದಾಯಿಸಿ, ಒಂದು ಪ್ರತಿ ವಿಎಗೆ ಕೊಡು.

ಎಸ್‌ಎಫ್-180 ತುಂಬಿ ಬೀಗರ ಸಹಿ ಹಾಕಿಸುವ ಮೊದಲು ನನಗೊಂದು ಪ್ರತಿ ಕಳಿಸು, ನಂಬರುಗಳನ್ನು ತಾಳೆ ನೋಡುತ್ತೇನೆ.

ಪ್ರೀತಿಯಿಂದ,
ಅಮ್ಮ